ಸರ್ಕಾರಿ ಚೀಸು

ವೆಲ್ಡಾ ಪ್ರೂಯಿಟ್ ಬೆಳಿಗ್ಗೆ ಎದ್ದರೆ ಮುಖಕ್ಕೆ ನೀರು ಹಾಕಿಕೊಳ್ಳುವುದಕ್ಕೂ ಮುಂಚೆ ಒಂದು ಜಗಳ ಆಡಿ ಮುಗಿಸಿರುತ್ತಿದ್ದಳು. ಅಡುಗೆಮನೆಯ ಮೇಜಿನ ಮೇಲೆ ಕಾಫಿ, ಪಕ್ಕದಲ್ಲಿ ಮಗಳು ಕೊಡಿಸಿದ ಟ್ಯಾಬ್ಲೆಟ್ಟು, ಮೂಗಿನ ತುದಿಯಲ್ಲಿ ಕನ್ನಡಕ. ಶಾಲೆಯ ಊಟದ ಮನೆಯಲ್ಲಿ ಮಕ್ಕಳಿಗೆ ಬಡಿಸಿ ಬಡಿಸಿ ನಿವೃತ್ತಳಾದವಳು. ಕೈಗೆ ಬಿಡುವು ಸಿಕ್ಕಿತ್ತು, ಬಾಯಿಗೆ ಮಾತ್ರ ಅವಳು ಯಾವತ್ತೂ ರಜೆ ಕೊಟ್ಟವಳಲ್ಲ.

ಇಂಡಿಯಾನಾದ ನಮ್ಮ ಟಾಲ್‌ಮನ್ ಫೋರ್ಕ್ ಊರಿಗೆ ಅಂತ ಫೇಸ್‌ಬುಕ್ಕಿನಲ್ಲಿ ಒಂದು ಗುಂಪಿದೆ. ಕಳೆದುಹೋದ ನಾಯಿ, ಮಾರಾಟಕ್ಕಿರುವ ಸೋಫಾ, ಚರ್ಚಿನ ಊಟ, ಇಂಥದ್ದಕ್ಕೆಂದು ಶುರುವಾದದ್ದು. ಈಗ ನೋಡಬೇಕು ಅದರ ಚೆಂದ! ಯಾರಾದರೂ ನಾಯಿ ಕಳೆದಿದೆ ಅಂತ ಬರೆದರೂ ಸಾಕು, ನಾಲ್ಕು ಜನ ಮಾತಾಡುವಷ್ಟರಲ್ಲಿ ಮಾತಿನೊಳಗೆ ದೇಶದ ಅಧ್ಯಕ್ಷರು ಬಂದುಬಿಡುತ್ತಾರೆ, ಹಿಂದಿನ ಅಧ್ಯಕ್ಷರೂ ಬರುತ್ತಾರೆ, ದೇಶ ಹಾಳಾಗಿ ಹೋಯಿತು ಅಂತ ಎರಡೂ ಪಕ್ಷದವರು ಎದೆ ಬಡಿದುಕೊಳ್ಳುತ್ತಾರೆ. ಅಷ್ಟರಲ್ಲಿ ನಾಯಿ ತಾನೇ ಮನೆಗೆ ಬಂದು ಮಲಗಿರುತ್ತದೆ. ಅದನ್ನು ಕೇಳುವವರು ಯಾರೂ ಇಲ್ಲ.

ಈ ಗುಂಪಿನಲ್ಲಿ ವೆಲ್ಡಾಳಿಗೆ ಸರಿಸಾಟಿ ಅಂದರೆ ಎದುರುಮನೆಯ ಅರ್ಡಿಸ್ ಸ್ಟೀಗಲ್. ವೆಲ್ಡಾ ಒಂದು ಪಕ್ಷ, ಅರ್ಡಿಸ್ ಇನ್ನೊಂದು ಪಕ್ಷ. ವಾಷಿಂಗ್ಟನ್ನಿನಲ್ಲಿ ಯಾರೋ ಕೆಮ್ಮಿದರೆ ಒಬ್ಬಳಿಗೆ ಅದು ದೇಶಸೇವೆ, ಇನ್ನೊಬ್ಬಳಿಗೆ ದೇಶದ್ರೋಹ. ಆದರೆ ಗುರುವಾರ ಸಂಜೆ ಬಂತೆಂದರೆ ಇಬ್ಬರೂ ಒಂದೇ ಕಾರಿನಲ್ಲಿ ಮಾಜಿ ಸೈನಿಕರ ಲೀಜನ್ ಹಾಲಿಗೆ ಹೋಗಿ, ಒಂದೇ ಮೇಜಿನಲ್ಲಿ ಎದುರುಬದುರು ಕೂತು, ಜೊತೆಗಾರ್ತಿಯರಾಗಿ ಯೂಕರ್ ಇಸ್ಪೀಟು ಆಡಬೇಕು. ಮೂವತ್ತು ವರ್ಷದಿಂದ ನಡೆದುಬಂದದ್ದು. ಪರದೆಯ ಮೇಲಿನ ಜಗಳ ಪರದೆಯ ಮೇಲೇ ಇರುತ್ತಿತ್ತು, ಕಾರಿನೊಳಗೆ ಅದಕ್ಕೆ ಜಾಗವಿರಲಿಲ್ಲ.

ಬಡವರ ಊಟದ ನೆರವನ್ನು ಸರ್ಕಾರ ಕತ್ತರಿಸುತ್ತದಂತೆ ಅನ್ನುವ ಸುದ್ದಿ ಬಂದ ವಾರ ಈ ಏರ್ಪಾಡು ಕೆಟ್ಟಿತು.

"ದುಡಿಯೋರಿಗೆ ಕೊಡ್ಲಿ, ಬೇಡ ಅಂದೋರ್ ಯಾರು? ಕೂತ್ಕೊಂಡು ತಿನ್ನೋರಿಗೆ ಯಾಕೆ? ನಮ್ಮ ಅಧ್ಯಕ್ಷರು ಸರಿಯಾಗೇ ಮಾಡ್ತಿದಾರೆ" ಅಂತ ಅರ್ಡಿಸ್ ಬರೆದಳು.

"ನಿಮ್ಮ ಅಧ್ಯಕ್ಷರು ಒಂದ್ ದಿನ ಹಸ್ಕೊಂಡು ಮಲಗಿ ನೋಡ್ಲಿ, ಆಮೇಲೆ ಮಾತಾಡೋಣ" ಅಂತ ವೆಲ್ಡಾ.

"ವೆಲ್ಡಾ, ಶಾಲೇಲಿ ಬಡಿಸಿ ಬಡಿಸಿ ನಿನಗೆ ಅದೇ ಅಭ್ಯಾಸ ಆಗ್ಬಿಟ್ಟಿದೆ ಕಣೇ. ಸೌಟು ಮಾತ್ರ ನಿಂದು, ಪಾತ್ರೇಲಿರೋದು ಊರಿನವರದು. ಧಾರಾಳವಾಗಿರೋಕೆ ಏನ್ ಕಷ್ಟ?"

ಇದಕ್ಕೆ ಊರು ಬಿದ್ದು ಬಿದ್ದು ನಕ್ಕಿತು. ನಗುವ ಮುಖಗಳು ಒಂದರ ಹಿಂದೊಂದು ಬಂದು ಕೂತವು. ವೆಲ್ಡಾಳದೇ ಪಕ್ಷದ ಪಾದ್ರಿಯ ಹೆಂಡತಿಯೂ ಒಂದು ನಗು ಒತ್ತಿದ್ದಳು. ವೆಲ್ಡಾಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಕಾಫಿ ಪಕ್ಕಕ್ಕೆ ಸರಿಸಿ, ಎರಡೂ ಕೈಯಲ್ಲಿ ಬರೆದಳು:

"ಎಂಬತ್ತೆರಡರ ಚಳಿಗಾಲದಲ್ಲಿ ಒಲೆ ಕಾರ್ಖಾನೆ ಮುಚ್ಚಿದಾಗ, ಸರ್ಕಾರ ಪುಕ್ಕಟೆ ಹಂಚಿದ ಚೀಸಿಗೆ ಫೈರ್ ಸ್ಟೇಷನ್ ಮುಂದೆ ಸಾಲಲ್ಲಿ ನಿಂತಿದ್ದೋರು ಯಾರು ಅರ್ಡಿಸ್? ತಲೆಗೆ ಸ್ಕಾರ್ಫು ಸುತ್ಕೊಂಡು, ಯಾರೂ ಗುರುತು ಹಿಡೀಬಾರ್ದು ಅಂತ? ಆಗ ಆ ಚೀಸು ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ವಾ?"

ಒತ್ತಿದಳು. ಹೋಯಿತು.

ಆಹಾ, ಏನು ನಗು, ಏನು ಚಪ್ಪಾಳೆ! ಅವಳ ಪಕ್ಷದವರೆಲ್ಲ ಹಬ್ಬ ಮಾಡಿದರು. ಪಕ್ಕದ ಕೌಂಟಿಯವರೂ ಬಂದು ಭೇಷ್ ಅಂದರು. ವೆಲ್ಡಾ ಎದೆಯುಬ್ಬಿಸಿಕೊಂಡು ಗಂಡ ಡ್ವೈಟ್‌ಗೆ ಓದಿ ಹೇಳಿದಳು. ಡ್ವೈಟ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದವನು ಸವರುತ್ತಲೇ ಕೇಳಿದ.

"ಚೆನ್ನಾಗಿದೆ. ಆ ಚೀಸಲ್ಲಿ ಅರ್ಧ ಯಾರ ಮನೆಗೆ ಬಂತು ಅನ್ನೋದನ್ನ ಬರೆಯೋಕೆ ಜಾಗ ಸಾಲಲಿಲ್ವಾ?"

"ಅದು ಈಗ ಯಾಕೆ?"

"ಸುಮ್ನೆ ಕೇಳ್ದೆ. ತಿಂದೋನು ನಾನೂ ಒಬ್ಬ ಅಲ್ವಾ, ನೆನಪಾಯ್ತು."

ಅವನು ಹೇಳಿದ್ದು ನಿಜವೇ. ಆ ಚಳಿಗಾಲ ಡ್ವೈಟ್‌ನ ಕೆಲಸವೂ ಅದೇ ಕಾರ್ಖಾನೆಯ ಜೊತೆ ಹೋಗಿತ್ತು. ಮನೆಯಲ್ಲಿ ಮೂರು ಮಕ್ಕಳು, ಮೂರಕ್ಕೂ ಹೊಟ್ಟೆಬಾಕತನ. ಆದರೆ ವೆಲ್ಡಾ ಮಾಜಿ ಮೇಯರ್ ಮಗಳು. ಫೈರ್ ಸ್ಟೇಷನ್ನಿನ ಮುಂದೆ ಸಾಲಿನಲ್ಲಿ ನಿಂತರೆ ಅಪ್ಪನ ಹೆಸರು ಏನಾಗಬೇಕು? ಅವಳು ಹೋಗಲಿಲ್ಲ. ಅರ್ಡಿಸ್ ಹೋದಳು. ಸ್ಕಾರ್ಫು ಸುತ್ತಿಕೊಂಡು, ಚಳಿಯಲ್ಲಿ ನಿಂತು, ಇಟ್ಟಿಗೆಯಂಥ ಹಳದಿ ಚೀಸಿನ ತುಂಡನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ಬಂದಳು. ಹಿಂಬಾಗಿಲಿಂದ ವೆಲ್ಡಾಳ ಅಡುಗೆಮನೆಗೆ ಬಂದು, ತನ್ನ ಮನೆಯಲ್ಲೇ ಕತ್ತರಿಸಿ ಕಾಗದದಲ್ಲಿ ಸುತ್ತಿದ್ದನ್ನು ಮೇಜಿನ ಮೇಲಿಟ್ಟು, "ಅರ್ಧ ನಂದು, ಅರ್ಧ ನಿಂದು, ಯಾರಿಗೂ ಗೊತ್ತಾಗಲ್ಲ ಬಿಡು" ಅಂದಿದ್ದಳು. ಚಳಿಗಾಲ ಮುಗಿಯುವವರೆಗೂ ಹಾಗೇ ನಡೆಯಿತು.

ಮಧ್ಯಾಹ್ನದ ಹೊತ್ತಿಗೆ ವೆಲ್ಡಾ ತಾನು ಬರೆದದ್ದನ್ನು ಅಳಿಸಿದಳು. ಅಳಿಸಿದ್ದೇ ತಪ್ಪಾಯಿತು. ನೋಡಿದವರು ನೋಡಿಯಾಗಿತ್ತು, ನೋಡದವರು ಅಂಗಡಿಯಲ್ಲಿ, ಚರ್ಚಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ಹಿಡಿದು ನಿಲ್ಲಿಸಿ "ಅದೇನೋ ಬರೆದಿದ್ಯಂತಲ್ಲ, ಏನದು?" ಅಂತ ಕೇಳತೊಡಗಿದರು.

ಅರ್ಡಿಸ್ ಮಾತ್ರ ಒಂದಕ್ಷರ ಉತ್ತರ ಬರೆಯಲಿಲ್ಲ. ಬೈದಿದ್ದರೆ ವೆಲ್ಡಾಳ ಜೀವಕ್ಕೆ ಸಮಾಧಾನವಿತ್ತು. ಬೈಯಲಿಲ್ಲ. ಎದುರುಮನೆಯ ಕಿಟಕಿಯ ಪರದೆ ಎಳೆದೇ ಇತ್ತು. ಫೋನು ಬಡಿದುಕೊಂಡು ಸುಮ್ಮನಾಗುತ್ತಿತ್ತು. ವೆಲ್ಡಾ ಬಾಳೆಹಣ್ಣಿನ ಬ್ರೆಡ್ಡು ಬೇಯಿಸಿ ಅವಳ ಬಾಗಿಲಲ್ಲಿ ಇಟ್ಟುಬಂದಳು. ಅದನ್ನು ರಾತ್ರಿ ಕಸದ ಡಬ್ಬ ಕೆದಕಲು ಬರುವ ರಕೂನು ಪ್ರಾಣಿಗಳು ತಿಂದು ಹೋದವು.

ಆಮೇಲೆ ಬಂತು ನಿಜವಾದ ಪೆಟ್ಟು. ಯೂಕರ್ ಪಂದ್ಯ ನಡೆಸುವ ರಸ್ಟಿ ಸಿಕ್ಕಿ, ಟೋಪಿ ತೆಗೆದು ತಲೆ ಕೆರೆದುಕೊಂಡು ಹೇಳಿದ.

"ಗುರುವಾರದ ಫೈನಲ್‌ಗೆ ಅರ್ಡಿಸ್ ಬರ್ತಾಳಂತೆ ವೆಲ್ಡಾ. ಹೆಸರು ಕೊಟ್ಟಾಗಿದೆ, ಕೈ ಕೊಡಲ್ಲ ಅಂದ್ಳು. ಆದ್ರೆ ಮುಂದಿನ ವರ್ಷದಿಂದ ಬ್ಯಾಪ್ಟಿಸ್ಟ್ ಚರ್ಚಿನ ಜನೆಲ್ ಜೊತೆ ಆಡ್ತಾಳಂತೆ."

"ಜನೆಲ್‌ಗೆ ಎಕ್ಕ ಯಾವ್ದು ಗುಲಾಮ ಯಾವ್ದು ಅಂತಾನೇ ಗೊತ್ತಿಲ್ಲ!"

"ನಾನೂ ಅದನ್ನೇ ಅಂದೆ. ಕಲಿಸ್ಕೋತೀನಿ ಅಂದ್ಳು."

ವೆಲ್ಡಾ ಮನೆಗೆ ಬಂದು ಅತ್ತಳು. ಗಂಡನ ಮುಂದೆ ಅಲ್ಲ, ಬಟ್ಟೆ ಒಗೆಯುವ ಕೋಣೆಯಲ್ಲಿ ಮೆಷೀನು ಹಾಕಿಕೊಂಡು. ಅಧ್ಯಕ್ಷರು ಬರುತ್ತಾರೆ, ಹೋಗುತ್ತಾರೆ. ಅರ್ಡಿಸ್‌ನಂಥವಳನ್ನು ಈ ವಯಸ್ಸಿನಲ್ಲಿ ಎಲ್ಲಿಂದ ತರುವುದು?

ಗುರುವಾರ ಲೀಜನ್ ಹಾಲು ತುಂಬಿತ್ತು. ಮೂಲೆಯಲ್ಲಿ ಚಿಲ್ಲಿ ಸಾರಿನ ದೊಡ್ಡ ಪಾತ್ರೆ, ಗೆದ್ದವರಿಗೆ ಕೊಡುವ ಹಂದಿಮಾಂಸದ ಹ್ಯಾಮು ಮೇಜಿನ ಮೇಲೆ ಮದುಮಗನ ಠೀವಿಯಲ್ಲಿ ಕೂತಿತ್ತು. ಎದುರಾಳಿಗಳು ಊರಿನ ಹೆಣ ಸಾಗಿಸುವ ಲೀಲಂಡ್ ಕ್ರಾಂಟ್ಸ್ ಮತ್ತು ಅವನ ತಮ್ಮ. ಎಲ್ಲರನ್ನೂ ಕೊನೆಗೆ ಗೆಲ್ಲುವವನು ತಾನೇ ಅಂತ ಲೀಲಂಡ್ ಪ್ರತಿವರ್ಷ ಹೇಳುವ ಜೋಕು ಈ ವರ್ಷವೂ ಹೇಳಿದ. ಯಾರೂ ನಗಲಿಲ್ಲ, ಎಲ್ಲರ ಕಣ್ಣೂ ಬಾಗಿಲ ಮೇಲಿತ್ತು.

ಅರ್ಡಿಸ್ ತನ್ನ ಕಾರಿನಲ್ಲಿ ತಾನೇ ಬಂದಳು. ಕೋಟು ತೆಗೆಯಲಿಲ್ಲ. ವೆಲ್ಡಾಳ ಎದುರು ಕೂತು ಗೋಡೆ ನೋಡಿದಳು.

"ಅರ್ಡಿಸ್..." ಅಂತ ವೆಲ್ಡಾ ಬಾಯಿ ತೆರೆದಳು.

"ಎಲೆ ಹಂಚಪ್ಪಾ ಲೀಲಂಡ್" ಅಂದಳು ಅರ್ಡಿಸ್.

ಎಲೆ ಹಂಚಿದ ಮೇಲೆ ಬಾಯಿ ಮುಚ್ಚಲೇಬೇಕು. ನಮ್ಮ ಹಾಲಿನಲ್ಲಿ ಕೈಯಲ್ಲಿ ಎಲೆ ಇರುವಾಗ ಜೊತೆಗಾರರು ಒಬ್ಬರಿಗೊಬ್ಬರು ಮಾತಾಡಿದರೆ ಎದುರಾಳಿಗೆ ಒಂದು ಅಂಕ. ಕೆಮ್ಮಿದರೂ ಅನುಮಾನದಿಂದ ನೋಡುತ್ತಾರೆ. ಒಂದು ಆಟ ಮುಗಿದ ಕೂಡಲೇ ಅರ್ಡಿಸ್ ಎದ್ದು ಕಾಫಿಗೆ ಹೋಗುತ್ತಿದ್ದಳು, ಎಲೆ ಹಂಚುವಾಗ ಸರಿಯಾಗಿ ಬಂದು ಕೂರುತ್ತಿದ್ದಳು. ಮಾತಿಗೆ ಸಂದೇ ಇಲ್ಲ.

ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಯೂಕರಿನಲ್ಲಿ ಇನ್ನೊಂದು ಪದ್ಧತಿಯಿದೆ. ಕೈಯಲ್ಲಿ ಒಳ್ಳೆಯ ಎಲೆಗಳು ಬಿದ್ದವರು "ಒಬ್ಬಳೇ ಆಡ್ತೀನಿ" ಅನ್ನಬಹುದು. ಆಗ ಜೊತೆಗಾರ್ತಿ ತನ್ನ ಎಲೆಗಳನ್ನು ಮೇಜಿನ ಮೇಲೆ ಮಗುಚಿಟ್ಟು, ಕೈ ಕಟ್ಟಿಕೊಂಡು ಕೂರಬೇಕು. ಅಪರೂಪಕ್ಕೊಮ್ಮೆ ಆಡುವ ಆಟ ಅದು. ಮೊದಲನೇ ಸಲ ಅರ್ಡಿಸ್‌ಗೆ ಸುಮಾರಾದ ಎಲೆಗಳು ಬಿದ್ದವು.

"ಒಬ್ಬಳೇ ಆಡ್ತೀನಿ."

ವೆಲ್ಡಾ ಎಲೆ ಮಗುಚಿಟ್ಟಳು. ಆಮೇಲೆ ಬಿದ್ದದ್ದು ಅದಕ್ಕಿಂತ ಕಳಪೆ.

"ಒಬ್ಬಳೇ ಆಡ್ತೀನಿ."

ಇದಕ್ಕೆ ಮೂರನೆಯದೂ ಸೇರಿದಾಗ ಹಾಲಿನಲ್ಲಿ ಗುಸುಗುಸು ಶುರುವಾಯಿತು. ಚಿಲ್ಲಿ ಬಡಿಸುತ್ತಿದ್ದವಳ ಸೌಟು ನಿಂತಿತು. ವೆಲ್ಡಾ ಊರೆಲ್ಲ ನೋಡುತ್ತಿರುವಾಗ ಊಟಕ್ಕೆ ಕರೆದು ಎಲೆ ಹಾಕದೆ ಕೂರಿಸಿದ ಅತಿಥಿಯ ಹಾಗೆ ಕೂತಿದ್ದಳು. ಕಿವಿಗಳು ಕೆಂಪಾಗಿದ್ದವು. ಅವಮಾನ ಅಂದರೆ ಇದೇ ಅಂತ ಅನ್ನಿಸಿತು, ಮರುಕ್ಷಣವೇ ತಾನು ಅರ್ಡಿಸ್‌ಗೆ ಮಾಡಿದ್ದು ಇದಕ್ಕಿಂತ ದೊಡ್ಡದು ಅಂತಲೂ ಅನ್ನಿಸಿತು.

ಅದೃಷ್ಟ ನೋಡಿ, ಹೀಗೆ ಆಡಿಯೂ ಅರ್ಡಿಸ್ ಸೋಲಲಿಲ್ಲ. ಹತ್ತು ಅಂಕಕ್ಕೆ ಗೆಲುವು. ಕ್ರಾಂಟ್ಸ್ ಅಣ್ಣತಮ್ಮಂದಿರು ಒಂಬತ್ತು, ಇವರೂ ಒಂಬತ್ತು.

ಒಂಬತ್ತು ಮುಟ್ಟಿದರೆ "ಹಸು ಕೊಟ್ಟಿಗೆಗೆ ಬಂತು" ಅನ್ನುತ್ತೇವೆ ನಾವು. ಜೊತೆಗಾರರಲ್ಲಿ ಒಬ್ಬರು ಎರಡೂ ಕೈಬೆರಳು ಹೆಣೆದು, ಹೆಬ್ಬೆರಳುಗಳನ್ನು ಕೆಳಗೆ ಇಳಿಬಿಟ್ಟು ಕೆಚ್ಚಲು ಮಾಡಬೇಕು, ಇನ್ನೊಬ್ಬರು ಆ ಹೆಬ್ಬೆರಳು ಹಿಡಿದು ಹಾಲು ಕರೆಯಬೇಕು. ದೊಡ್ಡವರು ಮಾಡುವ ಕೆಲಸವೇ ಅದು ಅಂತ ಕೇಳಬೇಡಿ. ನಮ್ಮಲ್ಲಿ ಜಡ್ಜುಗಳೂ ಮಾಡುತ್ತಾರೆ. ಕ್ರಾಂಟ್ಸ್ ಅಣ್ಣತಮ್ಮಂದಿರು ತಮ್ಮ ಹಾಲು ಆಗಲೇ ಕರೆದು ಮುಗಿಸಿದ್ದರು. ಮೂವತ್ತು ವರ್ಷ ಅರ್ಡಿಸ್ ಹಸುವಾಗಿ, ವೆಲ್ಡಾ ಕರೆದಿದ್ದಳು. ಈಗ ಸೇರಿದ್ದವರೆಲ್ಲ ಕಾದು ನೋಡಿದರು. ಅರ್ಡಿಸ್ ಎರಡೂ ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡಳು.

"ಹಂಚು ಲೀಲಂಡ್."

ಕೊನೆಯ ಎಲೆಗಳು ಬಿದ್ದವು. ಅರ್ಡಿಸ್ ತನ್ನವನ್ನು ನೋಡಿ, ತುರುಫು ಹೇಳಿ, ಅಂದಳು: "ಒಬ್ಬಳೇ ಆಡ್ತೀನಿ."

ವೆಲ್ಡಾ ಎಲೆ ಮಗುಚಿಟ್ಟಳು. ಅರ್ಡಿಸ್ ಮೊದಲ ಪಟ್ಟು ಗೆದ್ದಳು. ಎರಡನೆಯದನ್ನೂ ಎಳೆದುಕೊಂಡಳು. ಐದು ಪಟ್ಟಿನಲ್ಲಿ ಮೂರು ಸಾಕು, ಇನ್ನೊಂದು ಬಂದರೆ ಪಂದ್ಯ ಗೆದ್ದಹಾಗೆ. ಆಮೇಲೆ ಅವಳು ಎದ್ದು ಹೋಗುತ್ತಾಳೆ. ಕೋಟು ಬೇರೆ ಮೈಮೇಲೇ ಇದೆ, ಕಾರು ಬಾಗಿಲಲ್ಲೇ ಇದೆ, ಮುಂದಿನ ವರ್ಷ ಜನೆಲ್. ವೆಲ್ಡಾ ಎರಡೂ ಕೈಬೆರಳು ಹೆಣೆದು, ಮೇಜಿನ ಮೇಲೆ ಚಾಚಿ, ಹೆಬ್ಬೆರಳುಗಳನ್ನು ಕೆಳಗೆ ಬಿಟ್ಟಳು.

"ಅರ್ಡಿಸ್, ಈ ಸಲ ನಾನೇ ಹಸು ಕಣೇ."

ಹಾಲಿನಲ್ಲಿ ಯಾರೋ "ಅಯ್ಯಯ್ಯೋ" ಅಂದರು.

"ವೆಲ್ಡಾ, ಬಾಯ್ಮುಚ್ಚು, ಅಂಕ ಹೋಗುತ್ತೆ!" ಅಂತ ರಸ್ಟಿ ಕೂಗಿದ.

"ಹೋಗ್ಲಿ ಬಿಡೋ! ಎಲ್ರೂ ಕೇಳಿ. ಆ ಚೀಸಿನ ಸಾಲಲ್ಲಿ ಇವಳು ನಿಂತಿದ್ದು ನನಗೋಸ್ಕರಾನೂ. ನಾನು ಮೇಯರ್ ಮಗಳು, ನಿಲ್ಲೋಕೆ ನಾಚಿಕೆ ಆಯ್ತು. ಇವಳಿಗೆ ನಾಚಿಕೆ ಆಗಲಿಲ್ಲ ಅಂತಲ್ಲ, ಆದ್ರೂ ನಿಂತಳು. ಅರ್ಧ ಚೀಸು ನನ್ನ ಮಕ್ಕಳು ತಿಂದ್ರು. ತಿಂದ ಬಾಯಲ್ಲೇ ನಾನು ಇವಳನ್ನ ಊರ ಮುಂದೆ ಆಡಿಕೊಂಡೆ. ಅದನ್ನ ಬರೆಯೋಕೆ ಕೈ ಬಂತು ನೋಡಿ, ಆ ಕೈಗಿಷ್ಟು ಬೆಂಕಿ ಹಾಕ!"

ಪಾದ್ರಿಯ ಹೆಂಡತಿ ನೆಲ ನೋಡಿದಳು. ಲೀಲಂಡ್ ಕ್ರಾಂಟ್ಸ್ ಸಾವಿನ ಮನೆಯಲ್ಲಿ ಮಾತಾಡುವ ಮೆತ್ತನೆ ದನಿಯಲ್ಲಿ, "ಬೇಜಾರು ಮಾಡ್ಕೋಬೇಡಿ ವೆಲ್ಡಾ, ಆದ್ರೆ ನಿಯಮ ಅಂದ್ರೆ ನಿಯಮ" ಅಂತ ಹೇಳಿ ಹತ್ತನೇ ಅಂಕವನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಂಡ. ಹ್ಯಾಮು ಅವನ ಪಾಲಾಯಿತು.

ಅರ್ಡಿಸ್ ತನ್ನ ಕೈಯಲ್ಲಿ ಉಳಿದಿದ್ದ ಮೂರು ಎಲೆಗಳನ್ನು ಮೇಜಿನ ಮೇಲೆ ಹರಡಿದಳು. ಮೂರೂ ತುರುಫೇ. ಕಣ್ಣುಮುಚ್ಚಿ ಎಸೆದಿದ್ದರೂ ಗೆಲ್ಲುವ ಎಲೆಗಳು.

"ಗೆದ್ದ ಆಟ ಕೆಡಿಸಿದ್ಯಲ್ಲೇ" ಅಂದಳು. ಎಷ್ಟು ದಿನದ ಮೇಲೆ ಅವಳು ವೆಲ್ಡಾಳ ಜೊತೆ ಆಡಿದ ಮೊದಲ ಮಾತು ಅದು.

"ಕೆಡಿಸ್ದೆ" ಅಂದಳು ವೆಲ್ಡಾ. ಕಣ್ಣೀರು ಮೂಗಿನ ತುದಿಗೆ ಬಂದಿತ್ತು, ಒರೆಸಿಕೊಳ್ಳೋಣವೆಂದರೆ ಕೈ ಎರಡೂ ಕೆಚ್ಚಲಾಗಿ ಕೂತಿದ್ದವು.

"ಹೇಳೋದನ್ನಾದ್ರೂ ಸರಿಯಾಗಿ ಹೇಳು. ಅರ್ಧ ಅಲ್ಲ, ಮುಕ್ಕಾಲು."

"ಏನು?"

"ಮುಕ್ಕಾಲು ಕಣೇ. ನಿನಗೆ ಮೂರು ಮಕ್ಕಳು, ನನಗೆ ಒಂದು. ಮುಕ್ಕಾಲು ಅಂದಿದ್ರೆ ನೀನು ಮುಟ್ತಿದ್ಯಾ, ಮೇಯರ್ ಮಗಳು? ಅದಕ್ಕೇ ಅರ್ಧ ಅಂದೆ."

ಇಷ್ಟು ವರ್ಷ ವೆಲ್ಡಾಳಿಗೆ ಇದು ಗೊತ್ತಿರಲಿಲ್ಲ. ಅಡುಗೆ ಮಾಡಿ, ಊರಿನ ಮಕ್ಕಳಿಗೆಲ್ಲ ಅಳತೆ ನೋಡಿ ಬಡಿಸಿ ಬದುಕಿದವಳಿಗೆ, ತನ್ನ ಮೇಜಿನ ಮೇಲೆ ಇಟ್ಟದ್ದರ ಅಳತೆ ತಿಳಿದಿರಲಿಲ್ಲ.

ಅರ್ಡಿಸ್ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು. ಆಮೇಲೆ ಮುಂದಕ್ಕೆ ಬಾಗಿ, ವೆಲ್ಡಾಳ ಎರಡೂ ಹೆಬ್ಬೆರಳು ಹಿಡಿದು, ಅಳುತ್ತಿದ್ದವಳು ಅಯ್ಯೋ ಅನ್ನುವ ಹಾಗೆ ಜಗ್ಗಿದಳು.