ಅಂಚಿಗೆ ಕಟ್ಟಿದ ಕೆಂಪು ದಾರ

ಕೆಲಸಕ್ಕೆ ಹೋಗುವ ಪ್ರತಿ ತಾಯಿಗೂ ಬೆಳಗಾದರೆ ಒಂದೇ ಚಿಂತೆ. ಮಗುವನ್ನು ಯಾರ ಕೈಗೆ ಕೊಡುವುದು? ಆ ಕೈ ಮಗುವನ್ನು ಅಪ್ಪಿಕೊಳ್ಳುತ್ತದೋ, ಬರೀ ಹಿಡಿದುಕೊಳ್ಳುತ್ತದೋ? ಮಗು ಅತ್ತರೆ ಕೇಳುವ ಕಿವಿ ಅಲ್ಲಿದೆಯೋ ಇಲ್ಲವೋ?

ಗುಬ್ಬಿ ಎಂಬ ಪುಟ್ಟ ಹುಡುಗಿಯ ತಾಯಿಗೆ ಮೊನ್ನೆ ಮೊನ್ನೆಯವರೆಗೂ ಈ ಚಿಂತೆ ಇರಲಿಲ್ಲ. ಅವಳದು ಬಟ್ಟೆ ಗಿರಣಿಯಲ್ಲಿ ತಪಾಸಣೆಯ ಕೆಲಸ. ಅಡಿಯಲ್ಲಿ ದೀಪ ಉರಿಯುವ ಗಾಜಿನ ಮೇಜು, ಅದರ ಮೇಲೆ ಸರಿಯುತ್ತಾ ಬರುವ ಬಟ್ಟೆ. ಎಳೆ ತಪ್ಪಿದ್ದರೆ, ತೂತಿದ್ದರೆ, ಎಣ್ಣೆಯ ಕಲೆ ಬಿದ್ದಿದ್ದರೆ ಅಲ್ಲಿಯೇ ಅಂಚಿಗೆ ಒಂದು ಕೆಂಪು ದಾರ ಕಟ್ಟಬೇಕು. ದಾರ ಬಿದ್ದ ತುಂಡು ಮತ್ತೆ ಒಳ್ಳೆಯ ಬಟ್ಟೆಯ ಜೊತೆ ಸೇರುವುದಿಲ್ಲ. ಕತ್ತರಿಸಿ ಬೇರೆ ಹಾಕುತ್ತಾರೆ. ಅವಳ ಕಣ್ಣು ತಪ್ಪಿಸಿದ ದೋಷವೇ ಇಲ್ಲ ಎಂದು ಜೊತೆಯವರು ಅವಳಿಗೆ ಹದ್ದಿನಕಣ್ಣಿ ಎಂದೇ ಹೆಸರಿಟ್ಟಿದ್ದರು.

ಗಂಡ ಸರಕಿನ ಹಡಗಿನಲ್ಲಿ ಕೆಲಸಕ್ಕಿದ್ದ; ವರ್ಷದ ಮುಕ್ಕಾಲು ಪಾಲು ನೀರಿನ ಮೇಲೆ. ಮಗಳು ಗುಬ್ಬಿಗೆ ಇನ್ನೂ ಪೂರ್ತಿ ಮಾತು ಬಂದಿರಲಿಲ್ಲ. ಗಿರಣಿಯ ಹಿಂಬದಿಯಲ್ಲಿದ್ದ ಕೂಸಿನ ಕೋಣೆಯಲ್ಲಿ ಆಯಮ್ಮ ಅವಳನ್ನು ನೋಡಿಕೊಳ್ಳುತ್ತಿದ್ದರು. ಆಯಮ್ಮನ ಕೊರಳಲ್ಲಿ ಚಿಕ್ಕದೊಂದು ಶಿಲುಬೆ. ಭಾನುವಾರ ಚರ್ಚು, ಊಟಕ್ಕೆ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚುವುದು. ಇದು ಎಲ್ಲರಿಗೂ ಗೊತ್ತಿತ್ತು, ಯಾರಿಗೂ ಅದೊಂದು ವಿಷಯವೇ ಆಗಿರಲಿಲ್ಲ.

ವಿಷಯವಾದದ್ದು ಒಂದು ವಿಡಿಯೋದಿಂದ. ಅದನ್ನು ಒಂದು ಬೆಳಿಗ್ಗೆ ತೋರಿಸಿದವನು ಅದೇ ಮನೆಯಲ್ಲಿದ್ದ ಮೈದುನ. ಅದೇ ಗಿರಣಿಯ ಸಂಜೆ ಪಾಳಿಯಲ್ಲಿ ಯಂತ್ರ ರಿಪೇರಿಯವನು. ಫೋನು ಇವನ ಕೈಯಲ್ಲಿದೆಯೋ, ಇವನೇ ಫೋನಿನ ಕೈಯಲ್ಲಿದ್ದಾನೋ ಎಂದು ಅತ್ತಿಗೆ ರೇಗಿಸುವುದುಂಟು.

“ಅತ್ತಿಗೆ, ಇದನ್ನ ನೋಡಿ. ನೋಡಿ ಆಮೇಲೆ ಮಗೂನ ಎಲ್ಲಿ ಬಿಡ್ಬೇಕು ಅಂತ ಯೋಚ್ನೆ ಮಾಡಿ.”

ಬಿಳಿ ಅಂಗಿಯ ಬೋಧಕನೊಬ್ಬ ಮೈಕು ಹಿಡಿದು ಕೂಗುತ್ತಿದ್ದ. ಬೆನ್ನ ಹಿಂದೆ ಆಳೆತ್ತರದ ಶಿಲುಬೆ. “ನಮ್ಮ ನಂಬಿಕೆ ಇಲ್ಲದವರು ಕೊಳೆ! ಅವರಿಗೆ ಗುರುತು ಹಾಕಿ! ಬೇರೆ ಇಡಿ! ಅವರ ಮಕ್ಕಳನ್ನು ಮೊದಲು ಕಿತ್ತುಕೊಳ್ಳಿ!” ಅವನು ಒಂದೊಂದು ಮಾತು ಮುಗಿಸಿದಾಗಲೂ ಗುಂಪು ಹೋ ಎನ್ನುತ್ತಿತ್ತು.

“ಇವನಿಗೂ ನಮ್ಮ ಆಯಮ್ಮನಿಗೂ ಏನೋ ಸಂಬಂಧ?”

“ಅದೇ ಶಿಲುಬೆ ತಾನೇ? ಇವನು ಬಾಯಿಬಿಟ್ಟು ಹೇಳ್ತಾನೆ, ಉಳಿದವರು ಹೊಟ್ಟೇಲಿಟ್ಕೊಂಡಿರ್ತಾರೆ. ಮಿಲ್ಲಿನ ಗುಂಪಿಗೂ ಕಳಿಸಿದೀನಿ. ಎಲ್ರಿಗೂ ಗೊತ್ತಾಗ್ಲಿ.”

“ಹೋಗೋ, ನಿನಗೆ ಬೇರೆ ಕಸುಬಿಲ್ಲ,” ಎಂದು ಅವಳು ಬೈದಳು. ಆದರೆ ಮಾತು ಒಳಹೊಕ್ಕಿತ್ತು. ಮುಚ್ಚಿದ ಕೋಣೆಯಲ್ಲಿ ಸಿಕ್ಕಿಬಿದ್ದ ನೊಣದ ಹಾಗೆ ದಿನವಿಡೀ ತಲೆಯೊಳಗೆ ಗುಂಯ್ ಎನ್ನುತ್ತಲೇ ಇತ್ತು.

ಸಂಜೆ ಗುಬ್ಬಿಯನ್ನು ಕರೆತರಲು ಹೋದಳು. ಆಯಮ್ಮ ಮಗುವನ್ನು ಅವಳ ತೋಳಿಗೆ ದಾಟಿಸಿ, “ಒಂದ್ನಿಮಿಷ ನಿಲ್ಲಮ್ಮ, ಮಗೂ ವಿಷಯ ಒಂದು ಹೇಳೋದಿದೆ,” ಎಂದರು. ಅಷ್ಟರಲ್ಲಿ ಒಳಗೆ ಇನ್ನೊಂದು ಮಗು ಚೀರಿತು. ಆಯಮ್ಮ ಆ ಕಡೆ ತಿರುಗಿದರು.

ಹದ್ದಿನ ಕಣ್ಣು ಸುಮ್ಮನಿರುತ್ತದೆಯೇ? ಗುಬ್ಬಿಯ ಫ್ರಾಕಿನ ಭುಜದ ಅಂಚಿನಲ್ಲಿ ಒಂದು ಕೆಂಪು ದಾರ ಕಂಡಿತು. ಗಿರಣಿಯದೇ ದಾರ, ಗಿರಣಿಯದೇ ಗಂಟು. ಅವಳು ಒಳಗಿದ್ದ ಮಕ್ಕಳನ್ನೆಲ್ಲ ಒಮ್ಮೆ ನೋಡಿದಳು. ಯಾರ ಬಟ್ಟೆಯಲ್ಲೂ ದಾರವಿಲ್ಲ, ತನ್ನ ಮಗಳ ಬಟ್ಟೆಯಲ್ಲಿ ಮಾತ್ರ. ಗುರುತು ಹಾಕಿ, ಬೇರೆ ಇಡಿ ಎಂದ ಆ ದನಿ ಮತ್ತೆ ಕೇಳಿಸಿದಂತಾಯಿತು. ಆಯಮ್ಮ ತಿರುಗಿ ನೋಡುವಷ್ಟರಲ್ಲಿ ಅವಳು ಮಗುವನ್ನು ಎದೆಗೊತ್ತಿಕೊಂಡು ಗೇಟು ದಾಟಿಯಾಗಿತ್ತು.

ಮನೆಗೆ ಬಂದವಳು ದಾರವನ್ನು ಕಿತ್ತು ಒಲೆಗೆ ಹಾಕಿದಳು. “ನಾನು ಹೇಳ್ಲಿಲ್ವಾ?” ಎಂದ, ರಾತ್ರಿ ಕೆಲಸ ಮುಗಿಸಿ ಬಂದ ಮೈದುನ. “ನಾಳೆಯಿಂದ ನನ್ನ ಪಾಳಿ ಶುರು ಆಗೋವರೆಗೂ ಗುಬ್ಬೀನ ನಾನೇ ನೋಡ್ಕೋತೀನಿ.” ಅವಳಿಗೂ ಅದೇ ಸರಿಯೆನಿಸಿತು.

ಮಾರನೆಯ ದಿನ ಮೇಜಿನ ಆಚೆ ಬದಿಯಲ್ಲಿ ಎಂದಿನಂತೆ ಕನ್ನಡಕದಕ್ಕ ಕೂತಿದ್ದಳು. ಗಿರಣಿಯ ಹೆಂಗಸರ ಸಂಘಕ್ಕೆ ಅವಳೇ ಮುಂದಾಳು. ಇವಳು ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು.

“ಆಯಮ್ಮನ್ನ ಕೇಳಿದ್ಯಾ?” ಎಂದಳು ಕನ್ನಡಕದಕ್ಕ.

“ಕೇಳಿದ್ರೆ ನಿಜ ಹೇಳ್ತಾರಾ ಅಕ್ಕಾ?”

“ಆ ಬಿಳಿ ಅಂಗಿಯವನು ಹೇಳಿದ್ದು ಮಾತ್ರ ನಿಜ, ಅಲ್ವಾ? ಎಲ್ಲಿಯವನು ಅವನು? ಯಾವ ಚರ್ಚಿನವನು? ವಿಡಿಯೋ ಯಾವ ಕಾಲದ್ದು?”

“ನನಗೇನು ಗೊತ್ತು.”

“ಗೊತ್ತಿಲ್ದೋನ ಮಾತು ನಂಬ್ತೀಯ. ನಿನ್ನ ಮಗಳ ಮೂಗು ಒರೆಸ್ದೋಳನ್ನ ನಂಬಲ್ಲ. ಚೆನ್ನಾಗಿದೆ ಕಣೇ ನಿನ್ನ ತಪಾಸಣೆ!”

ಅವಳಿಗೆ ಸಿಟ್ಟು ಬಂತು. “ನಿನಗೇನಕ್ಕಾ, ನಿನ್ನ ಮಕ್ಕಳು ಬೆಳೆದಿದಾರೆ. ಹೆದರಿಕೆ ನನ್ನದು.”

“ಹೆದರಿಕೆ ತಪ್ಪು ಅಂತ ನಾನೆಲ್ಲಿ ಅಂದೆ? ಹೆದರು. ಹೆದರಿಕೊಂಡು ಹೋಗಿ ಕೇಳು. ನಮ್ಮ ಮೇಜಲ್ಲಿ ಒಂದು ಗಜ ಕೆಟ್ಟಿದ್ರೆ ಇಡೀ ಸುರುಳಿ ಎಸೀತೀವಾ? ಕೆಟ್ಟಿದ್ದನ್ನಷ್ಟೇ ಕತ್ತರಿಸ್ತೀವಿ. ದೇವರ ಹೆಸರು ಹೇಳಿ ಕೊಳ್ಳಿ ಇಡೋರು ಎಲ್ಲರಲ್ಲೂ ಇದಾರೆ, ನಮ್ಮಲ್ಲೂ ಇದಾರೆ. ಅಂಥವನೊಬ್ಬ ಕೂಗಿದ್ದಕ್ಕೆ ನನ್ನನ್ನ ಹಿಡಿದು ಕೇಳಿದ್ರೆ ನಾನು ಎಲ್ಲಿಗೆ ಹೋಗ್ಲಿ?”

ಅವಳು ಮೇಜಿನ ಕಡೆ ತಿರುಗಿದಳು. ಕಣ್ಣ ಮುಂದೆ ಬಟ್ಟೆ ಸರಿಯುತ್ತಿತ್ತು, ಅವಳಿಗೆ ಒಂದು ಎಳೆಯೂ ಕಾಣುತ್ತಿರಲಿಲ್ಲ.

ಆಗ ಬಾಗಿಲಲ್ಲಿ ಆಯಮ್ಮ ಕಾಣಿಸಿಕೊಂಡರು. ಮಕ್ಕಳನ್ನು ಬದಲಿ ಆಯಾಳಿಗೆ ಒಪ್ಪಿಸಿ ಬಂದಿದ್ದರು; ಕೆಲಸದ ಹೊತ್ತಿನಲ್ಲಿ ಅವರು ಈ ಕಡೆ ಬಂದದ್ದನ್ನು ಯಾರೂ ಹಿಂದೆಂದೂ ಕಂಡಿರಲಿಲ್ಲ. ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ಆ ದಿನ ಅರ್ಧಕ್ಕರ್ಧ ಮಕ್ಕಳು ಕೂಸಿನ ಕೋಣೆಗೆ ಬಂದಿರಲಿಲ್ಲ. ಆಯಮ್ಮ ಯಾರ ಮುಖವನ್ನೂ ನೋಡದೆ ನೇರವಾಗಿ ಇವಳ ಬಳಿಗೆ ಬಂದರು.

“ಗುಬ್ಬಿ ಎಲ್ಲಮ್ಮಾ?”

“ನಿಮಗ್ಯಾಕೆ?”

“ಬೈಕೋ ಆಮೇಲೆ. ಮಗೂಗೆ ಕಡಲೆಕಾಯಿ ಕೊಡಬೇಡ. ನಿನ್ನೆ ಸಂಜೆ ಯಾವುದೋ ಮಗೂ ಡಬ್ಬಿಯಿಂದ ಒಂದು ಕಾಳು ತೆಗೆದು ಬಾಯಿಗೆ ಹಾಕ್ಕೊಂಡಳು. ತುಟಿ ದಪ್ಪ ಆಯ್ತು, ಮೈ ಕೆಂಪಾಯ್ತು. ಮಿಲ್ಲಿನ ನರ್ಸಮ್ಮ ಔಷಧಿ ಕೊಟ್ಟ ಮೇಲೆ ಇಳೀತು. ಇನ್ನೊಂದ್ಸಲ ತಿಂದ್ರೆ ಉಸಿರಿಗೇ ಬರಬಹುದು ಅಂದ್ರು. ಬದಲಿ ಆಯಾಗೂ ಗೊತ್ತಾಗ್ಲಿ ಅಂತ ಫ್ರಾಕಿಗೆ ಕೆಂಪು ದಾರ ಕಟ್ಟಿದ್ದೆ. ತಿನ್ನಬಾರದ್ದು ಇರೋ ಮಕ್ಕಳಿಗೆಲ್ಲ ಹಾಗೇ ಕಟ್ತೀನಿ; ಈಗಿರೋರಲ್ಲಿ ಗುಬ್ಬಿ ಒಬ್ಬಳೇ. ನಿನಗೆ ಹೇಳೋಷ್ಟ್ರಲ್ಲಿ ನೀನು ಹೊರಟೇ ಹೋದೆ. ನಿನ್ನ ನಂಬರು ನನ್ನ ಹತ್ರ ಇರ್ಲಿಲ್ಲ, ಬೆಳಿಗ್ಗೆ ಮಗೂನ ಕರ್ಕೊಂಡು ಬರ್ತೀಯ ಅಂತ ಕಾದೆ.”

ಅವಳ ಮನಸ್ಸು ಒಂದು ಕ್ಷಣ ಹೊಯ್ದಾಡಿತು. ಇದು ನಿಜವೋ, ಮಗುವನ್ನು ಮರಳಿ ಕರೆಸಿಕೊಳ್ಳುವ ಉಪಾಯವೋ?

ಕನ್ನಡಕದಕ್ಕ ಎದ್ದು ನಿಂತಿದ್ದಳು. “ಸುಳ್ಳಾದ್ರೆ ಒಂದು ಫೋನು ವ್ಯರ್ಥ. ನಿಜ ಆದ್ರೆ?”

ಮೈದುನನ ಜೇಬು ಅವಳ ಕಣ್ಣ ಮುಂದೆ ಬಂತು. ಹಗಲೂ ಇರುಳೂ ಹುರಿದ ಕಡಲೆಕಾಯಿ ಇರುವ ಜೇಬು. ಗುಬ್ಬಿ ಕೈಚಾಚಿದರೆ ಅವನು ಇಲ್ಲವೆನ್ನುವವನಲ್ಲ.

ಫೋನುಗಳೆಲ್ಲ ಗೇಟಿನ ಕಾವಲುಗಾರನ ಪೆಟ್ಟಿಗೆಯಲ್ಲಿದ್ದವು. ಅವಳು ಓಡಿದಳು; ಹಿಂದೆ ಆಯಮ್ಮನೂ ಓಡಿದರು. ಮಗ್ಗಗಳ ಕೋಣೆಯನ್ನು ದಾಟುವಾಗ ಆ ಅಬ್ಬರದಲ್ಲಿ ತನ್ನ ಅಳುವೇ ತನಗೆ ಕೇಳಲಿಲ್ಲ. ಗೇಟಿನಲ್ಲಿ ಫೋನು ಹಿಡಿದರೆ ನಂಬರು ತಪ್ಪಿತು. ಮತ್ತೆ ಒತ್ತಿದಳು. ಗಂಟೆ ಹೊಡೆಯಿತು, ಹೊಡೆಯುತ್ತಲೇ ಇತ್ತು. ಕೊನೆಗೆ ಅವನು ಎತ್ತಿದ.

“ಅತ್ತಿಗೆ! ಮಗು... ಮುಖ ಊದ್ಕೊಂಡಿದೆ... ಕೆಮ್ತಾ ಇದಾಳೆ, ನಿಲ್ತಾ ಇಲ್ಲ! ನಾನೇನೂ ಮಾಡ್ಲಿಲ್ಲ, ಎರಡೇ ಎರಡು ಕಡಲೆಕಾಯಿ...”

ಅವನ ಕೂಗು ಪಕ್ಕದಲ್ಲಿದ್ದ ಆಯಮ್ಮನಿಗೂ ಕೇಳಿತು. ಆಯಮ್ಮ ಫೋನು ತೆಗೆದುಕೊಂಡರು.

“ನಾನು ಆಯಮ್ಮ. ಅಳಬೇಡ, ಕೇಳು. ಬಾಯಿಗೆ ನೀರು ಗೀರು ಹಾಕ್ಬೇಡ. ತಲೆ ಮೇಲಿರೋ ಹಾಗೆ ಎತ್ಕೋ. ನಿಮ್ಮ ಬೀದಿ ಕೊನೇಲಿರೋ ಕ್ಲಿನಿಕ್ಕಿಗೆ ಓಡು. ಒಳಗೆ ಹೋಗ್ತಿದ್ದ ಹಾಗೇ ‘ಕಡಲೆಕಾಯಿ ತಿಂದು ಉಸಿರು ಕಟ್ತಿದೆ’ ಅಂತ ಕೂಗಿ ಹೇಳು. ಸರದಿ ಕಾಯ್ಬೇಡ. ಕೇಳ್ತಾ? ಓಡು!”

ಆ ಹೆಂಗಸನ್ನು ನಂಬಬೇಡಿ ಎಂದು ಇಡೀ ಗಿರಣಿಗೆ ಸಾರಿದ್ದವನು ಅವರ ಮಾತಿಗೆ ಒಂದು ಎದುರುಮಾತೂ ಆಡದೆ ಓಡಿದ.

ಇವರು ಕ್ಲಿನಿಕ್ಕು ಮುಟ್ಟುವಷ್ಟರಲ್ಲಿ ಡಾಕ್ಟರಮ್ಮ ಗುಬ್ಬಿಯ ತೊಡೆಗೆ ಇಂಜೆಕ್ಷನ್ ಕೊಟ್ಟಾಗಿತ್ತು. ಪರದೆಯ ಆಚೆಯಿಂದ ಮಗುವಿನ ಉಸಿರು ಸೀಟಿಯ ಹಾಗೆ ಕೇಳುತ್ತಿತ್ತು. ತಾಯಿ ಪರದೆಯ ಪಕ್ಕದಲ್ಲೇ ಕಿವಿಗೊಟ್ಟು ನಿಂತಳು. ಸೀಟಿ ಎಳೆಯುತ್ತಿತ್ತು, ನಿಲ್ಲುತ್ತಿತ್ತು. ನಿಂತಾಗೆಲ್ಲ ಅವಳ ಉಸಿರೂ ನಿಲ್ಲುತ್ತಿತ್ತು. ಬಹಳ ಹೊತ್ತಿನ ಮೇಲೆ ಸೀಟಿ ಸಣ್ಣಗಾಯಿತು. ಆಮೇಲೆ ಗಟ್ಟಿಯಾದ ಅಳು ಬಂತು. ಮಗಳ ಅಳು ಕೇಳಿ ತಾಯಿ ನಕ್ಕದ್ದು ಅದೇ ಮೊದಲು.

“ಕಾರಣ ಹೇಳ್ಕೊಂಡೇ ಬಂದ್ರಿ, ಒಳ್ಳೇದಾಯ್ತು,” ಎಂದರು ಡಾಕ್ಟರಮ್ಮ. “ಹುಡುಕ್ತಾ ಕೂತಿದ್ರೆ ಕೈ ಮೀರ್ತಿತ್ತು. ಇವತ್ತೆಲ್ಲ ಇಲ್ಲೇ ಇರ್ಲಿ. ನಾವು ನೋಡ್ತಿರಬೇಕು.”

ಮೈದುನ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಆಯಮ್ಮ ಪಕ್ಕದಲ್ಲಿ ಕೂತರು.

“ವಿಡಿಯೋ ಕಳಿಸಿದ್ದು ನಾನೇ,” ಎಂದ.

“ಗೊತ್ತಪ್ಪಾ. ನನ್ನ ಫೋನಿಗೂ ಬಂತು.”

“ನಿಮಗೆ ಸಿಟ್ಟು ಬರ್ಲಿಲ್ವಾ?”

“ಬಂತು. ನಿನ್ನ ಮೇಲೂ ಬಂತು, ಆ ವಿಡಿಯೋದವನ ಮೇಲೆ ಇನ್ನೂ ಜಾಸ್ತಿ ಬಂತು. ಅವನು ಮೊದಲು ಬೈದಿದ್ದೇ ನಮ್ಮನ್ನ, ತಿಳ್ಕೋ. ಒಂದು ಭಾನುವಾರ ನಮ್ಮ ಚರ್ಚಿನ ಬಾಗಿಲಲ್ಲಿ ನಿಂತು, ಬೇರೆಯವರ ಮಕ್ಕಳಿಗೆ ಊಟ ಮಾಡಿಸೋ ಕೈಗೆ ಪ್ರಾರ್ಥನೆ ಮಾಡೋ ಹಕ್ಕಿಲ್ಲ ಅಂದ. ನಮ್ಮ ಸಭೆಯ ಹಿರಿಯರು ಅವನನ್ನ ಒಳಗೆ ಬಿಡಲಿಲ್ಲ. ಪ್ರೀತಿ ಇಲ್ಲದ ಬಾಯಲ್ಲಿ ದೇವರ ಮಾತು ಬೇಡ ಅಂತ ಮುಖಕ್ಕೇ ಹೇಳಿ ಕಳಿಸಿದ್ರು. ಅದರ ವಿಡಿಯೋ ಯಾರೂ ಮಾಡ್ಲಿಲ್ಲ.”

ತಾಯಿ ಕೇಳಲೋ ಬೇಡವೋ ಎಂದುಕೊಂಡು ಕೊನೆಗೆ ಕೇಳಿಯೇಬಿಟ್ಟಳು. “ಆಯಮ್ಮ, ಮಕ್ಕಳಿಗೆ ನಿಮ್ಮ ಧರ್ಮದ್ದು ಏನಾದ್ರೂ ಹೇಳ್ಕೊಡ್ತೀರಾ?”

“ಕೈ ತೊಳೆಯೋದು ಹೇಳ್ಕೊಡ್ತೀನಿ. ಅದನ್ನೇ ಕಲೀತಿಲ್ಲ ಕತ್ತೆಗಳು!” ಆಯಮ್ಮ ನಕ್ಕರು. ಆಮೇಲೆ ಮೆಲ್ಲಗೆ ಹೇಳಿದರು. “ನನ್ನ ನಂಬಿಕೆ ನನ್ನದಮ್ಮಾ. ಅದನ್ನ ಮಕ್ಕಳ ಮೇಲೆ ಹೇರೋಕೆ ನಾನ್ಯಾರು? ಆದ್ರೆ ಸುಳ್ಳು ಹೇಳಲ್ಲ. ನಿನ್ನೆ ರಾತ್ರಿ ಗುಬ್ಬಿಗೋಸ್ಕರ ಪ್ರಾರ್ಥನೆ ಮಾಡ್ದೆ. ಹೇಳೋ ಮಾತು ಹೇಳೋದು ಉಳಿದುಹೋಗಿತ್ತಲ್ಲ, ನಿದ್ದೆ ಬರ್ಲಿಲ್ಲ.”

ತಾಯಿ ಅವರ ಕೈ ಹಿಡಿದುಕೊಂಡಳು. “ನಾನು ಕೇಳಬೇಕಿತ್ತು.”

ಆದರೆ ಆಯಮ್ಮನ ಕಷ್ಟ ಅಲ್ಲಿಗೆ ಮುಗಿದಿರಲಿಲ್ಲ. ತಾಯಂದಿರು ಹೆದರಿದ್ದಾರೆ, ಬೇರೆ ಆಯಾಳನ್ನು ನೋಡುತ್ತೇವೆ ಎಂದು ಗಿರಣಿಯ ವ್ಯವಸ್ಥಾಪಕರು ಹೇಳಿಕಳಿಸಿದ್ದರು. ಸಂಜೆ ಮೈದುನ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂತು, ವಿಡಿಯೋ ಕಳಿಸಿದ ಅದೇ ಗುಂಪಿಗೆ ತನ್ನ ದನಿಯಲ್ಲೇ ನಡೆದದ್ದನ್ನೆಲ್ಲ ಹೇಳಿ ಕಳಿಸಿದ. ನಡುವೆ ಎರಡು ಸಲ ಅತ್ತ. ಅದನ್ನೂ ಅಳಿಸದೆ ಹಾಗೇ ಕಳಿಸಿದ. ತಕ್ಷಣ ಯಾರೋ ಚುಚ್ಚಿದರು: “ಎಷ್ಟು ಕೊಟ್ಟಳೋ ಆಯಮ್ಮ?”

“ನಮ್ಮ ಮಗೂನ ವಾಪಸ್ ಕೊಟ್ಟರು,” ಎಂದು ಇವನು ಬರೆದ.

ಗುಬ್ಬಿ ಚೇತರಿಸಿಕೊಂಡ ಮೇಲೆ ತಾಯಿ, ಕನ್ನಡಕದಕ್ಕ, ಮೈದುನ ಮೂವರೂ ವ್ಯವಸ್ಥಾಪಕರ ಮುಂದೆ ನಿಂತರು. ನನ್ನ ಮಗಳನ್ನು ನಾನು ಬಿಡುವುದಾದರೆ ಆಯಮ್ಮನ ಹತ್ತಿರವೇ ಎಂದಳು ತಾಯಿ. ಆಯಮ್ಮ ಕೆಲಸದಲ್ಲಿ ಉಳಿದರು. ಹಾಗೆಂದು ಎಲ್ಲ ಮಕ್ಕಳೂ ಮರಳಿ ಬಂದಿಲ್ಲ. ಕೆಲವು ತೊಟ್ಟಿಲು ಇನ್ನೂ ಖಾಲಿ ಇವೆ. ಆ ಮನೆಗಳಿಗೆ ತಾಯಿ ಒಂದೊಂದಾಗಿ ಹೋಗುತ್ತಿದ್ದಾಳೆ. ಕೆಲವರು ಕೂರಿಸಿ ಮಾತಾಡಿಸುತ್ತಾರೆ, ಕೆಲವರು ಬಾಗಿಲು ಹಾಕಿಕೊಳ್ಳುತ್ತಾರೆ. ಹೆದರಿಕೆ ಹಬ್ಬಿದಷ್ಟು ಬೇಗ ನಂಬಿಕೆ ಹಬ್ಬುವುದಿಲ್ಲ ಎಂಬುದು ಅವಳಿಗೆ ಈಗ ತಿಳಿದಿದೆ.

ಇದನ್ನು ಓದುತ್ತಿರುವ ಅಕ್ಕ ಅಣ್ಣಂದಿರೇ, ಇನ್ನೊಬ್ಬರು ಓದುವುದನ್ನು ಕೇಳುತ್ತಾ ಕುಳಿತಿರುವ ತಾಯಂದಿರೇ, ನಿಮ್ಮ ಫೋನಿಗೂ ಇಂಥದ್ದೊಂದು ಬರಬಹುದು. ದೇವರ ಹೆಸರಿನಲ್ಲಿ ದ್ವೇಷ ಕೂಗುವವನು ಆ ದೇವರನ್ನು ನಂಬುವ ಎಲ್ಲರ ಪರವಾಗಿ ಮಾತಾಡುತ್ತಿಲ್ಲ. ಹಾಗೆಂದು ಅವನೇ ಹೇಳಿಕೊಂಡರೂ ನಂಬಬೇಡಿ. ಅವನ ಮಾತನ್ನು ಪೊಲೀಸರಿಗೆ ತಿಳಿಸಿ, ನೆರೆಯವರ ತಲೆಗೆ ಕಟ್ಟಬೇಡಿ. ಅದನ್ನು ಮುಂದಕ್ಕೆ ಕಳಿಸುವ ಮೊದಲು ಎಲ್ಲಿಯದು, ಯಾರದು ಎಂದು ವಿಚಾರಿಸಿ. ಅನುಮಾನ ಬಂದರೆ ಮನಸ್ಸಿನಲ್ಲಿಟ್ಟು ಕೊಳೆಸದೆ, ನಿಮ್ಮ ಬೀದಿಯಲ್ಲಿರುವ ಆ ನಂಬಿಕೆಯವರನ್ನೇ ನೇರವಾಗಿ ಕೇಳಿ. ಅವರ ದೇವರನ್ನು ನೀವು ನಂಬಬೇಕಾಗಿಲ್ಲ, ನಿಮ್ಮ ದೇವರನ್ನು ಅವರು ನಂಬಬೇಕಾಗಿಲ್ಲ. ನಿಮ್ಮ ಮಗುವಿಗೆ ಉಸಿರು ಕಟ್ಟಿದ ದಿನ ಓಡಿಬರುವವರು ಯಾರೆಂದು ಈಗಲೇ ತಿಳಿದಿರಲಿ. ಅವರನ್ನು ನೀವೇ ದೂರ ಅಟ್ಟಿರಬೇಡಿ.