ಹಸಿರು ಹಾಳೆ

"ಎಡಕ್ಕೆ ತಿರುಗಬೇಡ ಕಣಪ್ಪಾ, ಎಡಕ್ಕೆ ತಿರುಗಿದ್ರೆ ಸಂತೆ. ಶುಕ್ರವಾರ ಅಲ್ವಾ ಇವತ್ತು? ಹಳೇ ಫ್ರಿಜ್ಜು, ಗುಲಾಬಿ ಗಿಡ, ಕೋಳಿಮರಿ, ಎಲ್ಲಾ ನಿನ್ನ ವ್ಯಾನಿಗೆ ಅಡ್ಡ ನಿಂತಿರ್ತವೆ. ನೇರ ಬಾ. ನೇರ ಅಂದ್ರೆ ನೇರ!"

ಶಂಕರನಾರಾಯಣ ಫೋನನ್ನು ಬಾಯಿಯ ಮುಂದೆ ಹಿಡಿದು ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಕಿರುಚುತ್ತಿದ್ದ. ಶವದ ವ್ಯಾನು ಬರಬೇಕಾದದ್ದು ಮೂರು ಗಂಟೆಗೆ. ಈಗಿನ್ನೂ ಹನ್ನೊಂದೂ ಹೊಡೆದಿರಲಿಲ್ಲ. ಆದರೂ ಡ್ರೈವರಿಗೆ ಈಗಲೇ ದಾರಿ ಹೇಳಿಬಿಡದಿದ್ದರೆ ಅವನಿಗೆ ಸಮಾಧಾನವಿಲ್ಲ. ಎಪ್ಪತ್ತೊಂಬತ್ತು ವರ್ಷದ ಬಾಯಿ ಅದು. ಬ್ಯಾಂಕಿನ ಕೌಂಟರಿನಲ್ಲಿ ಪಳಗಿದ್ದು, ನಿವೃತ್ತಿಯಾದ ಮೇಲೆ ಇನ್ನಷ್ಟು ಬಿಡುವಾಗಿ ಓಡುತ್ತಿತ್ತು.

ಹಾಲ್‌ನಲ್ಲಿ ಅವನ ಹಳೆಯ ಗೆಳೆಯ ಕಮಲಾಕರ ಫ್ರೀಜರ್ ಪೆಟ್ಟಿಗೆಯೊಳಗೆ ಮಲಗಿದ್ದ. ನಿನ್ನೆ ಮಧ್ಯಾಹ್ನ ಸಾರನ್ನ ಉಂಡು, "ಹತ್ತು ನಿಮಿಷ ಅಡ್ಡಾಗ್ತೀನಿ" ಎಂದು ಮಲಗಿದವನು ಮತ್ತೆ ಏಳಲಿಲ್ಲ. ರೈಲ್ವೆಯ ಡ್ರಾಯಿಂಗ್ ಆಫೀಸಿನಲ್ಲಿ ಮೂವತ್ತನಾಲ್ಕು ವರ್ಷ ಬಗ್ಗಿ ಗೆರೆ ಎಳೆದವನ ಬೆನ್ನು ಈಗ ನೆಟ್ಟಗಾಗಿತ್ತು. ಹೆಂಡತಿ ವಾಸಂತಿಯ ಅಣ್ಣ ಮೈಸೂರಿನಿಂದ ರೈಲಿನಲ್ಲಿ ಬರುತ್ತಿದ್ದ. ಅವನು ಬರುವವರೆಗೆ ಕಾಯುವುದಷ್ಟೇ ಉಳಿದಿತ್ತು.

"ಅಂಕಲ್, ಒಂದ್ ನಿಮಿಷ ರೂಮಿಗೆ ಬರ್ತೀರಾ?" ಕಮಲಾಕರನ ಮಗಳು ಶ್ರೀಯಾ ಕರೆದಳು. ಶೋಳಿಂಗನಲ್ಲೂರಿನಲ್ಲಿ ಕೆಲಸ, ಮದ್ರಾಸಿನಲ್ಲೇ ಹುಟ್ಟಿ ಬೆಳೆದವಳು. ಅತ್ತು ಅತ್ತು ಮೂಗು ಕೆಂಪಾಗಿತ್ತು.

ಕೋಣೆಯಲ್ಲಿ ದೊಡ್ಡ ಸ್ಕ್ಯಾನರು, ಲ್ಯಾಪ್‌ಟಾಪು, ಗೋಡೆಗೆ ಒರಗಿಸಿದ ನಕ್ಷೆಯ ಸುರುಳಿಗಳು. ಅಪ್ಪ ಮಗಳು ಮೂರು ವರ್ಷ ಶನಿವಾರ ಶನಿವಾರ ಕೂತು ಒಂದು ವೆಬ್‌ಸೈಟು ಮಾಡಿದ್ದರು. ಕೈಯಲ್ಲಿ ನಕ್ಷೆ, ದಿಕ್ಸೂಚಿ ಹಿಡಿದು, ಗುಡ್ಡ ಪೊದೆಗಳಲ್ಲಿ ಅಡಗಿಸಿಟ್ಟ ಬಾವುಟಗಳನ್ನು ಒಂದೊಂದಾಗಿ ಹುಡುಕುತ್ತ ಓಡುವ ಆಟ ಅವರ ಕ್ಲಬ್ಬಿನದು. ಊರಿಗೆಲ್ಲ ಓರಿಯಂಟೀರಿಂಗ್, ಇವರ ಮನೆಯಲ್ಲಿ 'ನಕ್ಷೆ ಓಟ'. ನಲವತ್ತು ವರ್ಷದಲ್ಲಿ ಕ್ಲಬ್ಬಿಗಾಗಿ ಕಮಲಾಕರ ಮಾಡಿದ ನಕ್ಷೆಗಳು ಅರವತ್ತಮೂರು. ಮೊದಲನೆಯದರಿಂದ ಹಿಡಿದು ಮೊನ್ನೆ ತಿಂಗಳಿನದರವರೆಗೆ ಎಲ್ಲವೂ ಈಗ ಆ ವೆಬ್‌ಸೈಟಿನಲ್ಲಿದ್ದವು. ತೆರೆಯುವುದೊಂದೇ ಬಾಕಿ.

"ಗ್ರೂಪಿಗೆ ಅಪ್ಪನ ಫೋಟೋ ಜೊತೆ ಇದರ ಲಿಂಕೂ ಕಳಿಸ್ಬಿಡೋಣಾಂತ ಅಂಕಲ್. ಇವತ್ತೇ ಓಪನ್ ಮಾಡೋಣ. ಆದ್ರೆ ಇದನ್ನ ಪಾರುಂಗ... ನೋಡಿ."

ತೆರೆಯ ಮೇಲೆ ಪಲ್ಲಾವರಂ ಗುಡ್ಡ, ೧೯೯೨. ಕೆಳಗೆ ಮೂರು ಸಾಲು: 'ಈ ನಕ್ಷೆ ತಪ್ಪು. ಸ್ಪರ್ಧೆ ರದ್ದಾಯಿತು. ಹೊಣೆ: ನಕ್ಷೆ ಮಾಡಿದ ಕಮಲಾಕರ.'

"ಅಪ್ಪನೇ ಟೈಪ್ ಮಾಡಿದ್ದು. ಎಷ್ಟು ಜಗಳ ಆಡ್ದೆ! ತಪ್ಪು ನಕ್ಷೆನೂ ನಕ್ಷೆನೇ, ಅದಿಲ್ದಿದ್ರೆ ನಮ್ಮ ನಕ್ಷೆ ಭಂಡಾರಾನೇ ಸುಳ್ಳಾಗುತ್ತೆ ಅಂದ್ರು. ಇದಾದ್ಮೇಲಿನ ಯಾವ ನಕ್ಷೆಗೂ ಅವರ ಹೆಸರೇ ಇಲ್ಲ ಅಂಕಲ್. ಮಾಡಿದವರು ಯಾರು ಅನ್ನೋ ಕಡೆ ಬರೀ ಕ್ಲಬ್ ಅಂತ ಹಾಕಿದಾರೆ. ಇವತ್ತಿನ ದಿನ ಎಲ್ರೂ ಇದನ್ನೇ ಓದ್ಬೇಕಾ? ನೀವು ತಾನೇ ಆಗ ಸೆಕ್ರೆಟರಿ. ನೀವು ಹೂಂ ಅಂದ್ರೆ ಡಿಲೀಟ್ ಮಾಡ್ಬಿಡ್ತೀನಿ."

ಶಂಕರನಾರಾಯಣನ ಎದೆಯೊಳಗೆ ಏನೋ ಹಗುರಾಯಿತು. ನಾಚಿಕೆಗೇಡಿನ ಹಗುರ ಅದು.

"ತೆಗೆದುಬಿಡಮ್ಮಾ," ಎಂದ. "ಸತ್ತವರ ಮೇಲೆ ಹೊರೆ ಯಾಕೆ?"

ಶ್ರೀಯಾ ಕೈ ಚಾಚಿದಳು. ಆಗ ಅವನ ಕಣ್ಣಿಗೆ ನಕ್ಷೆಯ ಪಕ್ಕದ ನಾಲ್ಕು ಚೌಕಗಳು ಬಿದ್ದವು. ಹಿಂದೆಲ್ಲ ಒಂದೊಂದು ಬಣ್ಣಕ್ಕೆ ಒಂದೊಂದು ಪಾರದರ್ಶಕ ಹಾಳೆ ಬರೆದು ಪ್ರೆಸ್ಸಿಗೆ ಕೊಡಬೇಕಿತ್ತು. ಕಪ್ಪು ಇತ್ತು, ಕಂದು ಇತ್ತು, ನೀಲಿ ಇತ್ತು. ನಾಲ್ಕನೆಯ ಚೌಕ ಖಾಲಿ. ಅದರಡಿಯಲ್ಲಿ 'ಹಸಿರು: ಪ್ರೆಸ್ಸಿನಲ್ಲಿ ಕಳೆದುಹೋಯಿತು' ಎಂದಿತ್ತು.

"ತಡಿ," ಎಂದ ಶಂಕರನಾರಾಯಣ. "ಒಂದರ್ಧ ಗಂಟೆ ತಡಿಯಮ್ಮಾ."

*

ಆ ವರ್ಷ ಬೆಂಗಳೂರಿಂದ, ಕೊಚ್ಚಿಯಿಂದ ಓಟಗಾರರು ಬಂದಿದ್ದರು. ಕ್ಲಬ್ಬಿಗೆ ಅಂಥ ದೊಡ್ಡ ಸ್ಪರ್ಧೆ ಅದೇ ಮೊದಲು. ಕಮಲಾಕರ ನಾಲ್ಕು ತಿಂಗಳು ಗುಡ್ಡ ಅಳೆದಿದ್ದ, ಹೆಜ್ಜೆ ಎಣಿಸಿ ಎಣಿಸಿ. ಪ್ರೆಸ್ಸಿಗೆ ಹೋಗುವ ದಿನ ಅವನಿಗೆ ರಜೆ ಸಿಗಲಿಲ್ಲ. "ಕೊಡಯ್ಯಾ ಇಲ್ಲಿ, ಇದೇನು ಬ್ರಹ್ಮವಿದ್ಯೆನಾ?" ಎಂದು ಹಾಳೆಗಳನ್ನು ಕಿತ್ತುಕೊಂಡು ಹೋದವನು ಶಂಕರನಾರಾಯಣ.

ಪ್ರೆಸ್ಸಿನ ಮೇಜಿನ ಮೇಲೆ ಒಂದರ ಮೇಲೊಂದು ತಾನೇ ಜೋಡಿಸಿದ. ಅಚ್ಚಿನವನಿಗೆ ತನ್ನ ಬಡ್ತಿಯ ಕತೆ ಹೇಳುತ್ತ ಜೋಡಿಸಿದ. ಹಾಳೆಯ ನಾಲ್ಕು ಮೂಲೆಯಲ್ಲಿ ನಾಲ್ಕು ಅಡ್ಡಗೆರೆಯ ಗುರುತು. ಒಂದರ ಮೇಲೊಂದು ಕೂತರೆ ಸರಿ ಎಂದು ಲೆಕ್ಕ. ಕೂತವು. ಹಾಳೆಯನ್ನು ಬೋರಲು ಮಗುಚಿಟ್ಟರೂ ಆ ಗುರುತುಗಳು ಅಷ್ಟೇ ಚೆನ್ನಾಗಿ ಕೂರುತ್ತವೆ ಎನ್ನುವುದು ಅವನಿಗೆ ಹೊಳೆಯಲಿಲ್ಲ.

ನಕ್ಷೆಯಲ್ಲಿ ಹಸಿರು ಎಂದರೆ ಮುಳ್ಳು, ಹೋಗಬೇಡ ಎಂದರ್ಥ. ಬಿಳಿ ಎಂದರೆ ಬಯಲು, ಓಡು. ಅಂದು ಬೆಳಿಗ್ಗೆ ನಲವತ್ತೆರಡು ಜನ ಬಿಳಿಯನ್ನು ನಂಬಿ ಓಡಿ ಬಳ್ಳಾರಿ ಜಾಲಿಯ ಮುಳ್ಳುಪೊದೆಯೊಳಗೆ ನುಗ್ಗಿದರು. ಅರ್ಧ ಗಂಟೆಯಲ್ಲಿ ಸ್ಪರ್ಧೆ ನಿಂತಿತು. ಕಮಲಾಕರ ಅಚ್ಚಾದ ನಕ್ಷೆಯನ್ನೂ ಗುಡ್ಡವನ್ನೂ ನೋಡಿದ. ಹಸಿರು ಎಡಬಲ ಅದಲುಬದಲಾಗಿದೆ ಎಂದು ಅವನಿಗೆ ತಕ್ಷಣ ಗೊತ್ತಾಯಿತು. ತಾನೇ ಹಾಳೆಗೆ ಇಳಿಸುವಾಗ ಗುಡ್ಡದಲ್ಲಿ ಬರೆದುಕೊಂಡ ಕರಡನ್ನು ಮಗುಚಿಟ್ಟು ಬರೆದಿರಬೇಕು ಎಂದುಕೊಂಡ. ಒಂದು ಬಂಡೆಯ ಮೇಲೆ ಹತ್ತಿ, ಅಷ್ಟು ಜನರ ಮುಂದೆ ಕೈಮುಗಿದ. "ತಪ್ಪು ನಂದು. ಕ್ಷಮಿಸಿ."

ಮನೆಗೆ ಬಂದು ಹಾಳೆಗಳನ್ನು ಬಿಚ್ಚಿದಾಗ ಶಂಕರನಾರಾಯಣನಿಗೆ ಕಂಡಿತು. ಹಸಿರು ಹಾಳೆ ಸರಿಯಾಗಿಯೇ ಇತ್ತು.

ಮಾರನೆಯ ದಿನ ಕಮಲಾಕರ ಕೇಳಿದ: "ಆ ಹಸಿರು ಹಾಳೆ ಕೊಡು ಶಂಕ್ರಾ, ಎಲ್ಲಿ ತಪ್ಪಿದೇಂತ ನೋಡ್ತೀನಿ."

"ಪ್ರೆಸ್ಸಿನವರು ಕಳ್ಕೊಂಡಿದಾರೆ ಕಣೋ."

ಇಷ್ಟೇ ಮಾತು. ಅಷ್ಟು ಮಾತಾಡುವ ಮನುಷ್ಯನ ಬಾಯಿಂದ ಬಂದ ಅತಿ ಚಿಕ್ಕ ವಾಕ್ಯ.

*

ಹಾಲಿಗೆ ಬಂದರೆ ಸತ್ಯನಾರಾಯಣನೂ ಚಿಕ್ಕತಾಯಮ್ಮನೂ ಬಂದು ಕೂತಿದ್ದರು. ಇಬ್ಬರೂ ಕ್ಲಬ್ಬಿನ ಹಳಬರು. ಅವನು ವಿಮೆ ಕಚೇರಿಯವನು. ಅವಳು ರೈಲ್ವೆಗೆ ಕ್ರೀಡಾ ಕೋಟಾದಲ್ಲಿ ಸೇರಿದ್ದ ಚಾಮರಾಜನಗರದ ಕಡೆಯ ಓಟಗಾರ್ತಿ, ಅರವತ್ತೆಂಟರಲ್ಲೂ ಬೆನ್ನು ಬಾಗಿರಲಿಲ್ಲ.

"ನೋಡು, ಈ ಗಾಯ," ಸತ್ಯನಾರಾಯಣ ಪ್ಯಾಂಟು ಮಡಿಸಿ ಮೊಣಕಾಲ ಕೆಳಗಿನ ಬಿಳಿ ಗೆರೆ ತೋರಿಸುತ್ತಿದ್ದ. "ತೊಂಬತ್ತೆರಡು. ಕಮಲಾಕರನ ಸಹಿ ಅಂತೀನಿ ನಾನು ಇದಕ್ಕೆ."

"ಸುಮ್ನಿರೋ ಸತ್ಯ," ಎಂದಳು ಚಿಕ್ಕತಾಯಮ್ಮ. "ಮುಳ್ಳಿಲ್ದಿದ್ರೂ ನೀನು ಕೊನೇಗೇ ಬತ್ತಿದ್ದೆ."

"ನಾಲ್ಕನೇ ಬಾವುಟದವರೆಗೂ ನಿನಗಿಂತ ಮುಂದಿದ್ದೆ!"

"ಕನಸಲ್ಲಿ."

ಅಳುತ್ತಿದ್ದ ವಾಸಂತಿ ಸೆರಗಿನಲ್ಲೇ ಸಣ್ಣಗೆ ನಕ್ಕಳು. ಆಮೇಲೆ ಮೂಗೊರೆಸಿಕೊಂಡು ಹೇಳಿದಳು: "ಆ ಓಟ ಆದ್ಮೇಲೆ ಹನ್ನೊಂದು ಭಾನುವಾರ ಆ ಗುಡ್ಡಕ್ಕೆ ಹೋದ್ರು, ಗೊತ್ತಾ? ಟೇಪ್ ಹಿಡಿಯೋಕೆ ನನ್ನನ್ನೂ ಎಳ್ಕೊಂಡು. ಇನ್ನೆಲ್ಲೂ ತಪ್ಪು ಸಿಗ್ಲಿಲ್ಲ. ಆದ್ರೂ ಅವರಿಗೆ ಅವರ ಕಾಲಿನ ಮೇಲೇ ನಂಬಿಕೆ ಹೋಯ್ತು ಶಂಕ್ರಣ್ಣ. ಆಮೇಲೆ ಯಾವ ನಕ್ಷೆ ಮಾಡಿದ್ರೂ ಪ್ರತಿಯೊಂದನ್ನೂ ಎರಡೆರಡು ಸಲ ನಡೆದು ಅಳೆಯೋರು. ಗೇಟಿಗೆ ಬೀಗ ಹಾಕಿದೀನಾ ಅಂತ ಎರಡು ಸಲ ಇಳಿದು ಹೋಗೋರು. ಮೊನ್ನೆ ಕೂಡ ಅಂದ್ರು, 'ವಾಸಂತಿ, ನಾನು ಹೇಗೆ ಮಗುಚಿದೆ ಅಂತಾನೇ ನೆನಪಾಗ್ತಿಲ್ಲ ಕಣೇ' ಅಂತ."

ಶಂಕರನಾರಾಯಣ ಎದ್ದ.

"ಕಾಫಿ ಬರ್ತಾ ಇದೆ, ಎಲ್ಲಿಗೆ?" ಎಂದ ಸತ್ಯನಾರಾಯಣ.

ಶಂಕರನಾರಾಯಣನ ಮನೆ ಅದೇ ಕಟ್ಟಡದ ಎರಡನೇ ಮಹಡಿ. ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದ. ಸ್ಟೂಲು ಎಳೆದು, ಬೀಳದಂತೆ ಗೋಡೆ ಹಿಡಿದು, ಅಟ್ಟದಿಂದ ಬ್ಯಾಂಕಿನ ಕ್ಯಾಲೆಂಡರಿನ ರಟ್ಟಿನ ಕೊಳವೆ ತೆಗೆದ. ಎಸೆಯಬೇಕೆಂದು ಎಷ್ಟೋ ಸಲ ಕೆಳಗಿಳಿಸಿದ್ದ. ಅಷ್ಟು ಚೆಂದದ ಗೆರೆಗಳನ್ನು ಎಸೆಯಲು ಕೈ ಬಂದಿರಲಿಲ್ಲ.

*

ಹೋದ ವರ್ಷ ಒಂದು ಶನಿವಾರ ಅವನು ಆ ಸ್ಕ್ಯಾನರಿನ ಪಕ್ಕ ಕೂತಿದ್ದ. ಕಮಲಾಕರ ತೊಂಬತ್ತೆರಡರ ಕಂದು ಹಾಳೆಯನ್ನು ಮಗುವಿನ ಮುಖ ಒರೆಸುವ ಹಾಗೆ ಮಲ್ಲಿನ ಬಟ್ಟೆಯಲ್ಲಿ ಒರೆಸಿ ಗಾಜಿನ ಮೇಲಿಟ್ಟ.

"ಆ ಪ್ರೆಸ್ಸು ಈಗಿದೆಯೇನೋ ಶಂಕ್ರಾ?"

"ಎಲ್ಲೀದು? ಮುಚ್ಚಿ ಯಾವ ಕಾಲ ಆಯ್ತು."

"ಪಾಪ. ಅವರನ್ನ ನಾವು ಬಯ್ಯಬಾರದಿತ್ತು. ಹಾಳೆ ಕಳೆದ್ರೆ ಏನಂತೆ, ತಪ್ಪಿದ್ದ ಹಾಳೆ ತಾನೇ."

ಅಂದೇ ಹೇಳಬಹುದಿತ್ತು. ಅಂದೂ ಶಂಕರನಾರಾಯಣ ಸಕ್ಕರೆ ಕಾಯಿಲೆಯ ಹೊಸ ಮಾತ್ರೆಯ ವಿಷಯ ಎತ್ತಿ ಮುಕ್ಕಾಲು ಗಂಟೆ ಮಾತಾಡಿದ.

*

"ವಾಸಂತಿ," ಎಂದ, ಬಾಗಿಲಲ್ಲೇ ನಿಂತು. ಎಲ್ಲರೂ ತಿರುಗಿದರು. "ಇದು ಹಸಿರು ಹಾಳೆ. ಕಳೆದಿರ್ಲಿಲ್ಲ. ನನ್ನ ಹತ್ರಾನೇ ಇತ್ತು. ಕಮಲಾಕರ ಸರಿಯಾಗೇ ಬರೆದಿದ್ದ. ಪ್ರೆಸ್ಸಿನಲ್ಲಿ ಮಗುಚಿಟ್ಟವನು ನಾನು. ಅವತ್ತು ಸಂಜೆನೇ ಗೊತ್ತಾಯ್ತು ನನಗೆ. ಹೇಳ್ಲಿಲ್ಲ."

ಸತ್ಯನಾರಾಯಣ ಮಡಿಸಿದ್ದ ಪ್ಯಾಂಟನ್ನು ಮೆಲ್ಲಗೆ ಕೆಳಗಿಳಿಸಿದ.

ನಲವತ್ತು ವರ್ಷದಿಂದ ಅವನನ್ನು 'ನೀವು' ಎನ್ನುತ್ತಿದ್ದ ವಾಸಂತಿ, "ಪ್ರತಿ ಯುಗಾದಿಗೂ ನಮ್ಮನೆ ಒಬ್ಬಟ್ಟು ತಿಂದಿದೀಯಲ್ಲೋ ನೀನು," ಎಂದಳು. "ನಿನ್ನೆ ಬೆಳಿಗ್ಗೆ ಹೇಳಿದ್ರೂ ಅವರು ಕೇಳಿಸ್ಕೊಳ್ತಿದ್ರಲ್ಲೋ."

"ಹೌದು."

"ಬಯ್ತಾನೂ ಇರ್ಲಿಲ್ಲ ಅವರು. ಅದು ಗೊತ್ತಿತ್ತು ನಿನಗೆ."

"ಗೊತ್ತಿತ್ತು. ಬಯ್ಯೋನಾಗಿದ್ರೆ ಹೇಳಿಬಿಡ್ತಿದ್ದೆನೇನೋ."

ಅವಳು ಮುಖ ತಿರುಗಿಸಿದಳು. ಶ್ರೀಯಾ ಅವನ ಕೈಯಿಂದ ಕೊಳವೆ ತೆಗೆದುಕೊಂಡು ಒಳಗೆ ಹೋದಳು. ಸ್ಕ್ಯಾನರಿನ ಸದ್ದಾಯಿತು. ಸ್ವಲ್ಪ ಹೊತ್ತಿನ ಮೇಲೆ ಕೋಣೆಯಿಂದಲೇ ಕೂಗಿದಳು: "ಅಮ್ಮಾ! ಕರೆಕ್ಟಾ ಕೂತಿದೆ ಅಮ್ಮಾ. ಹಳ್ಳದ ಒಂದೊಂದು ತಿರುವಿಗೂ ಕೂತಿದೆ. ಬಂದು ನೋಡಿ!"

ಸತ್ಯನಾರಾಯಣ, ಚಿಕ್ಕತಾಯಮ್ಮ ಎದ್ದು ಹೊರಟರು. "ಎಲ್ರೂ ಒಳಗೆ ಹೋದ್ರೆ ಅವರೊಬ್ರೇ ಇಲ್ಲಿರ್ಬೇಕಾ?" ಎಂದಳು ವಾಸಂತಿ. "ಇಲ್ಲಿಗೇ ತಾ ಅದನ್ನ."

ಶ್ರೀಯಾ ಹಾರಗಳನ್ನು ಕಾಲಿನ ಕಡೆ ಸರಿಸಿ, ಲ್ಯಾಪ್‌ಟಾಪನ್ನು ಗಾಜಿನ ಮುಚ್ಚಳದ ಮೇಲೆ ಅಪ್ಪನ ಎದೆಯ ನೇರಕ್ಕೆ ಇಟ್ಟಳು. ಮೂವತ್ತಮೂರು ವರ್ಷದ ಮೇಲೆ ಪಲ್ಲಾವರಂ ಗುಡ್ಡ ನೆಟ್ಟಗೆ ನಿಂತಿತ್ತು.

"ಏನು ಬರೀಲಿ ಅಂಕಲ್?" ಅವಳು ಅವನ ಮುಖ ನೋಡಲಿಲ್ಲ.

"ನಕ್ಷೆ ಸರಿ ಇದೆ ಅಂತ ಬರಿ. ಮಾಡಿದವನು ಕಮಲಾಕರ. ಅಚ್ಚಿನಲ್ಲಿ ಕೆಡಿಸಿ, ಹಾಳೆ ಬಚ್ಚಿಟ್ಟವನು ಸೆಕ್ರೆಟರಿ ಶಂಕರನಾರಾಯಣ. ಪೂರ್ತಿ ಹೆಸರು ಹಾಕು, ಇನಿಶಿಯಲ್ ಬೇಡ. ಆಮೇಲೆ ಕ್ಲಬ್ ಅಂತ ಇರೋ ಕಡೆಯೆಲ್ಲ ನಿಮ್ಮಪ್ಪನ ಹೆಸರು ಹಾಕು."

ಅವಳು ಒಂದೊಂದನ್ನೇ ಟೈಪು ಮಾಡಿದಳು. ಮತ್ತೆ ಗುಡ್ಡದ ನಕ್ಷೆಗೆ ಬಂದಾಗ ಸತ್ಯನಾರಾಯಣ ಕನ್ನಡಕ ಏರಿಸಿ ಬಗ್ಗಿದ.

"ಇದು ನಾಲ್ಕನೇ ಬಾವುಟ. ಇಲ್ಲಿಂದ ಐದಕ್ಕೆ ನಾನಾಗಿದ್ರೆ ಗುಡ್ಡ ಹತ್ತಿ ಇಳೀತಿದ್ದೆ."

"ಹತ್ತೋಷ್ಟರಲ್ಲಿ ನಾನು ಮನೆಗೋಗಿ ಮುದ್ದೆ ತಿರುವ್ತಿದ್ದೆ," ಎಂದಳು ಚಿಕ್ಕತಾಯಮ್ಮ. "ಈ ಹಳ್ಳದ ದಂಡೆ ಹಿಡ್ಕಂಡು ಸುತ್ತಾಕ್ಕೊಂಡು ಬರ್ಬೇಕು."

"ಸುತ್ತು! ಮುನ್ನೂರು ಮೀಟರು ಜಾಸ್ತಿ."

"ನಿಂಗೆ ಉಸ್ರು ಕಟ್ಟೋದಿಲ್ವಾ? ಬಾ, ನೋಡೇಬಿಡಾನ."

ಎರಡು ಮುದಿ ಬೆರಳುಗಳು ತೆರೆಯ ಮೇಲೆ ಹೊರಟವು. ಒಂದು ಗುಡ್ಡದ ಏರಿನ ಕಂದು ಗೆರೆಗಳನ್ನು ಏದುಸಿರು ಬಿಡುತ್ತ ಹತ್ತಿತು. ಇನ್ನೊಂದು ಹಳ್ಳದ ನೀಲಿ ಗೆರೆಯ ಗುಂಟ ತಿರುಗಿ ತಿರುಗಿ ಸಾಗಿತು. ಅವರ ನಡುವೆ ವಾಸಂತಿ ಬಂದು ನಿಂತಳು. ಅವಳ ಬೆರಳು ನಾಲ್ಕನೆಯ ಬಾವುಟದಿಂದ ನೇರ ಮುಳ್ಳಿನ ಹಸಿರಿಗೇ ಇಳಿಯಿತು.

"ಅಲ್ಲಿ ದಾರಿಯಿಲ್ಲ ವಾಸಂತಿ," ಎಂದ ಸತ್ಯನಾರಾಯಣ.

ಇತ್ತು. ಎರಡು ಹಸಿರಿನ ನಡುವೆ ಕೂದಲಿನಷ್ಟು ಬಿಳಿ, ಅದರಲ್ಲಿ ಚುಕ್ಕೆಚುಕ್ಕೆಯ ಒಂದು ಕಪ್ಪು ಕಾಲುದಾರಿ. ಅಂದಿನ ಅಚ್ಚಿನಲ್ಲಿ ಅದು ಹಸಿರು ಮಸಿಯ ಅಡಿ ಮುಳುಗಿಹೋಗಿತ್ತು. ಹನ್ನೊಂದು ಭಾನುವಾರ ನಡೆದವಳ ಬೆರಳು ಎಲ್ಲಿಯೂ ತಡವರಿಸದೆ, ಆತುರವನ್ನೂ ಪಡದೆ, ಆ ಸಂದಿನಲ್ಲಿ ನುಸುಳಿ ಐದನೆಯ ಬಾವುಟ ಮುಟ್ಟಿತು. ಮುಟ್ಟಿ, ಉಳಿದಿಬ್ಬರು ಬಂದು ಸೇರಲಿ ಎಂದು, ಅಲ್ಲೇ ನಿಂತಿತು.