ಚನ್ನವೀರನ ಹೆಸರು ಹೊತ್ತ ಜಗ್ಗು

ನನ್ನ ಮೈಮೇಲೆ ಒಂದು ಹೆಸರಿದೆ. ಚುಕ್ಕೆ ಚುಕ್ಕೆಯಾಗಿ ಕೊರೆದದ್ದು: ‘ಚಿ. ಚನ್ನವೀರನ ಲಗ್ನಕ್ಕೆ, ಸೋದರಮಾವನಿಂದ’. ಒಂದೂವರೆ ಲೀಟರ್ ಹಿಡಿಯುವ ಸ್ಟೀಲಿನ ಜಗ್ಗು ನಾನು. ತಗಡಾಗಿದ್ದಾಗಿನ ನೆನಪು ಅಷ್ಟಾಗಿ ಇಲ್ಲ. ಯಾವುದೋ ಕಾರ್ಖಾನೆಯಲ್ಲಿ ಒಂದು ಯಂತ್ರ ನನ್ನನ್ನು ಒತ್ತಿ ಹೊಟ್ಟೆ ಮಾಡಿತು, ಇನ್ನೊಂದು ಎಳೆದು ಮೂತಿ ಮಾಡಿತು, ಆಮೇಲೆ ಹಿಡಿಕೆ ಬೆಸೆದರು. ಆದರೆ ನಾನು ಇಂಥದ್ದು ಎಂದು ನನಗೆ ತಿಳಿದದ್ದು ಗದಗಿನ ಭಾಂಡೆ ಅಂಗಡಿಯಲ್ಲಿ, ಹೆಸರು ಕೊರೆಯುವವನ ತೊಡೆಯ ಮೇಲೆ. ಟಕಟಕಟಕ ಎಂದು ಅವನು ಕುಟ್ಟುತ್ತಿದ್ದರೆ ಹಲ್ಲು ಕೀಳಿಸಿಕೊಂಡಂತೆ ಆಗುತ್ತಿತ್ತು. ಮುಗಿದ ಮೇಲೆ ಅಂಗಿಯ ಅಂಚಿನಿಂದ ಒರೆಸಿ, “ಮನಷ್ಯಾ ಹೋದ್ರೂ ಇದು ಹೋಗಂಗಿಲ್ಲ ನೋಡ್ರಿ” ಎಂದ. ಸೋದರಮಾವ ನಕ್ಕ. ಲಗ್ನದ ಸಾಮಾನು ಕೊಳ್ಳಲು ಬಂದವರಿಗೆ ಹೇಳುವ ಮಾತಲ್ಲ ಅದು. ಆದರೂ ಹೇಳಿಬಿಟ್ಟ.

ನಾನು ಹೋಗಿ ಸೇರಿದ ಬೆಟಗೇರಿಯ ಮನೆಯಲ್ಲಿ ಮೂವರೇ ಇದ್ದರು. ಚನ್ನವೀರ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಯಂತ್ರ ನಡೆಸುತ್ತಿದ್ದ. ಅವನ ಹೆಂಡತಿ ಶಿವಲೀಲಾ. ತಾಯಿ ಬಸಲಿಂಗಮ್ಮ. ನಾನು ಮೊದಲ ಎಂಟು ವರ್ಷ ಮಜ್ಜಿಗೆ ತುಂಬಿಕೊಂಡು ಅಡುಗೆಮನೆಯ ಮೂಲೆಯಲ್ಲಿ ತಣ್ಣಗೆ ಕಳೆದೆ. ಚನ್ನವೀರ ಕೆಲಸದಿಂದ ಬಂದವನೇ ನನ್ನನ್ನು ಎತ್ತಿ ಗಟಗಟ ಕುಡಿಯುತ್ತಿದ್ದ. ಅವನ ಕೈಯ ಇಂಕು ನನ್ನ ಹಿಡಿಕೆಗೆ ಹತ್ತುತ್ತಿತ್ತು. ಸೀಮೆಎಣ್ಣೆಯಲ್ಲಿ ಎಷ್ಟು ತಿಕ್ಕಿ ತೊಳೆದರೂ ಆ ಕೈ ಪೂರ್ತಿ ಬೆಳ್ಳಗಾಗುತ್ತಿರಲಿಲ್ಲ.

ಒಂಬತ್ತನೆಯ ವರ್ಷ ಶಿವಲೀಲಾ ಮೊಬೈಲಿನಲ್ಲಿ ನೋಡಿ ನೋಡಿ ಸೋಯಾ ಮೇಣದ ಮೋಂಬತ್ತಿ ಮಾಡಲು ಕಲಿತಳು. ಸಾಬೂನಿನ ಚೂರಿನಂಥ ಬಿಳಿ ಮೇಣ ಚೀಲದಲ್ಲಿ ಬಂತು. ಕಾಯಿಸಿ ಸುರಿಯಲು ಮೂತಿ ಇರುವ ಪಾತ್ರೆ ಬೇಕಿತ್ತು. ಅವಳ ಕಣ್ಣು ನನ್ನ ಮೇಲೆ ಬಿತ್ತು.

“ಲಗ್ನದ ಜಗ್ಗಿನ್ಯಾಗ ಮೇಣ ಕಾಸ್ತೀ? ಇನ್ನ ಅದರಾಗ ಮಜ್ಜಿಗಿ ಕುಡಿಯಾಕ ಆಗ್ತತೇನ?” ಎಂದು ಬಸಲಿಂಗಮ್ಮ ಸಿಡಿದಳು.

“ಮೂತಿ ಚಲೋ ಐತ್ರೀ ಅತ್ತಿ. ಒಂದ್ ಹನಿ ಚೆಲ್ಲಂಗಿಲ್ಲ.”

“ಹಂಗಾದ್ರ ಹಿತ್ತಲದಾಗ ಇಡು. ತಿರುಗಿ ಅಡಗಿಮನಿ ಹೊಸ್ತಿಲಾ ದಾಟಬಾರದು ನೋಡು ಅದು.”

ಚನ್ನವೀರ ಬಾಗಿಲಲ್ಲಿ ನಿಂತು ನಗುತ್ತಿದ್ದ. “ಯವ್ವಾ, ನನ್ನ ಹೆಸರಿನ ಭಾಂಡೆ ಅದು. ನನ್ನನ್ನ ಹಿತ್ತಲಕ್ಕ ಹಾಕಿದಂಗಾತಲ್ಲ!”

ಹೀಗೆ ನಾನು ಹಿತ್ತಲಿಗೆ ಬಂದೆ. ಬಿಸಿಲೇರುವ ಮೊದಲೇ ಕೆಲಸ ಮುಗಿಯಬೇಕು, ಏರಿದರೆ ಮೇಣ ನೆಟ್ಟಗೆ ಗಟ್ಟಿಯಾಗುವುದಿಲ್ಲ. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು, ನೀರಿನ ನಡುವೆ ನಾನು, ನನ್ನೊಳಗೆ ಕರಗುವ ಮೇಣ. ಹದಕ್ಕೆ ಬಂದಾಗ ಶಿವಲೀಲಾ ಸಣ್ಣ ಬಟ್ಟಲಿನಲ್ಲಿ ತೂಗಿಟ್ಟ ಪರಿಮಳದ ಎಣ್ಣೆ ಸುರಿದು, ನೂರು ಎಣಿಸುವವರೆಗೆ ಕೈಯಾಡಿಸುತ್ತಿದ್ದಳು. ಬತ್ತಿ ಇಟ್ಟ ಗಾಜಿನ ಲೋಟಕ್ಕೆ ಒಂದಿಷ್ಟು, ಬತ್ತಿಯಿಲ್ಲದ ಸಣ್ಣ ಅಚ್ಚುಗಳಿಗೆ ಒಂದಿಷ್ಟು. ಅಚ್ಚಿನ ತುಂಡುಗಳನ್ನು ದೀಪದ ಮೇಲಿನ ಬಟ್ಟಲಿನಲ್ಲಿಟ್ಟರೆ ಕರಗಿ ಮನೆಯೆಲ್ಲ ಘಮ್ಮೆನ್ನುತ್ತದೆ. “ಬತ್ತಿ ಇಲ್ಲದ್ದು ಎಂಥಾ ದೀಪಾನವ್ವ?” ಎಂದು ಬಸಲಿಂಗಮ್ಮ ಆಡಿಕೊಳ್ಳುತ್ತಿದ್ದಳು. ಪಕ್ಕದ ಮನೆಯ ವಿಶಾಲಾಕ್ಷಿ ಟೀಚರ್ ಮಾತ್ರ ಡಬ್ಬಿಗಟ್ಟಲೆ ಒಯ್ದು ತಮ್ಮ ಶಾಲೆಯ ಟೀಚರಮ್ಮಂದಿರಿಗೆ ಕೊಡಿಸುತ್ತಿದ್ದರು. ಈ ಮೇಣದಲ್ಲಿ ಒಂದು ಕಟ್ಟಳೆ ಉಂಟು. ಸುರಿದ ದಿನವೇ ಮೂಸಿದರೆ ಏನೂ ತಿಳಿಯದು, ಹತ್ತು ದಿನ ಮುಚ್ಚಿಡಬೇಕು. ಹತ್ತನೆಯ ದಿನ ಪರಿಮಳ ನೆಲೆ ನಿಲ್ಲುತ್ತದೆ.

ಆಮೇಲೆ ಆ ಜ್ವರದ ವರ್ಷ ಬಂತು. ಮನೆಯ ಮೂವರೂ ಮಲಗಿದರು. ಇಬ್ಬರು ಎದ್ದರು. ಚನ್ನವೀರನನ್ನು ಆಸ್ಪತ್ರೆಗೆ ಒಯ್ದ ಗಾಡಿಯ ಸದ್ದನ್ನು ಹಿತ್ತಲಿಂದಲೇ ಕೇಳಿದೆ. ಅವನು ಮನೆಗೆ ಬರಲೇ ಇಲ್ಲ, ಹೆಣವಾಗಿಯೂ ಬರಲಿಲ್ಲ.

ಎರಡು ತಿಂಗಳ ಮೇಲೆ ಶಿವಲೀಲಾ ಮತ್ತೆ ನನ್ನನ್ನು ಒಲೆಗೆ ಇಟ್ಟಳು. ಮಲ್ಲಿಗೆಯ ಶೀಸೆ ತೆರೆದು ಮೂಗಿಗೆ ಹಿಡಿದಳು. ಇನ್ನೊಂದು ತೆರೆದಳು, ಮತ್ತೊಂದು ತೆರೆದಳು. ಎಲ್ಲವನ್ನೂ ತೆರೆದಿಟ್ಟು ಕಟ್ಟೆಯ ಮೇಲೆ ಕೂತುಬಿಟ್ಟಳು. ಜ್ವರ ಅವಳ ಮೂಗನ್ನೂ ಒಯ್ದಿತ್ತು. “ತಿರುಗಿ ಬರಬಹುದು. ತಿಂಗಳಾಗಬಹುದು, ವರ್ಷ ಆಗಬಹುದು” ಎಂದರಂತೆ ಡಾಕ್ಟರು.

“ಯಾರಿಗೂ ಹೇಳಬ್ಯಾಡ್ರೀ ಅತ್ತಿ. ಮೂಗಿಲ್ಲದಾಕಿ ಮಾಡಿದ ಪರಿಮಳ ಯಾರು ತಗೋತಾರ?”

“ನನ್ನ ಮೂಗು ಐತಲ್ಲ, ಅಳಬ್ಯಾಡ” ಎಂದಳು ಬಸಲಿಂಗಮ್ಮ.

ಅಂದಿನಿಂದ ಮುದುಕಿಯೇ ಮನೆಯ ಮೂಗು. ಹತ್ತನೆಯ ದಿನ ಶಿವಲೀಲಾ ತುಂಡು ತಂದು ಕೊಟ್ಟರೆ ಬಸಲಿಂಗಮ್ಮ ಕಣ್ಣು ಮುಚ್ಚಿ ಮೂಸಿ ತೀರ್ಪು ಹೇಳುತ್ತಿದ್ದಳು. ಆದರೆ ಮೂಸುವ ಮೊದಲು ಪ್ರತಿಸಲ ಒಂದು ಮಾತು ಕೇಳುತ್ತಿದ್ದಳು: “ಇದು ಯಾವುದವ್ವ?” ಗುಲಾಬಿ ಎಂದರೆ ಮೂಸಿ, “ಹೂಂ, ಚಲೋ ಗುಲಾಬಿ” ಎನ್ನುತ್ತಿದ್ದಳು. ಅದರಲ್ಲಿ ಶಿವಲೀಲಾಗೆ ವಿಶೇಷವೇನೂ ಕಾಣಲಿಲ್ಲ. ನನಗೂ ಕಾಣಲಿಲ್ಲ. ಒಮ್ಮೆ ವಿಶಾಲಾಕ್ಷಿ ಟೀಚರ್ ಒಂದು ಡಬ್ಬಿ ತಿರುಗಿ ತಂದು, “ಲೀಲಾ, ಇದು ಮಲ್ಲಿಗಿ ಅಲ್ಲವ್ವ, ಮುಲಾಮಿನ ವಾಸನಿ ಹೊಡೀತತಿ” ಎಂದಾಗಲೂ ಮುದುಕಿ, “ಟೀಚರಿಗೆ ನೆಗಡಿ ಆಗೇತಿ” ಎಂದು ತಳ್ಳಿಹಾಕಿದಳು.

ಶಿವಲೀಲಾಳ ಜೀವ ಈಗ ಗಿರಾಕಿಗಳ ಮೇಲಿರಲಿಲ್ಲ. ಒಂದು ಅಂಗಿಯ ಮೇಲಿತ್ತು. ಚನ್ನವೀರ ಕೊನೆಯ ಸಲ ಪ್ರೆಸ್ಸಿಗೆ ಹಾಕಿಕೊಂಡು ಹೋಗಿದ್ದ ಅಂಗಿ. ಒಗೆಯದೆ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ಇಟ್ಟಿದ್ದಳು. ಗಂಟು ಬಿಚ್ಚಿದಾಗೆಲ್ಲ ಅವನ ವಾಸನೆ ಸ್ವಲ್ಪ ಸ್ವಲ್ಪ ಹೋಗುತ್ತದೆ ಎಂದು ಅವಳ ಭಯ. ತನ್ನ ಮೂಗು ತಿರುಗಿ ಬರುವ ಹೊತ್ತಿಗೆ ಅಂಗಿಯಲ್ಲಿ ಏನೂ ಉಳಿಯದಿದ್ದರೆ?

“ಅತ್ತಿ, ಅವರ ವಾಸನಿ ಮೇಣದಾಗ ಹಿಡಿದಿಡೂಣು. ನೀವು ಅಂಗಿ ಮೂಸಿ ಹೇಳ್ರಿ, ನಾ ಎಣ್ಣಿ ಕೂಡಸ್ತೀನಿ.”

ಮುದುಕಿ ಚೀಲದ ಗಂಟನ್ನು ಬೆರಳಿನಿಂದ ಸವರಿ, “ಆತವ್ವ” ಎಂದಳು.

ಲವಂಗ, ಲಾವಂಚ, ಕರ್ಪೂರ, ಕೊಬ್ಬರಿ ಎಣ್ಣೆ. ಒಂದು ಸಲ ಇದು ಹೆಚ್ಚು, ಒಂದು ಸಲ ಅದು ಕಡಿಮೆ. ಕರಗಿಸು, ಬೆರೆಸು, ಸುರಿ, ಹತ್ತು ದಿನ ಕಾಯಿ. ಹತ್ತನೆಯ ದಿನ ಅಂಗಿಯ ಗಂಟು ಬಿಚ್ಚಿ, ಒಂದು ಕೈಯಲ್ಲಿ ಅಂಗಿ, ಒಂದು ಕೈಯಲ್ಲಿ ತುಂಡು ಹಿಡಿದು ಬಸಲಿಂಗಮ್ಮ ಮೂಸುವಳು. “ಅಲ್ಲವ್ವ.” ಮತ್ತೆ ಹತ್ತು ದಿನ. “ಇದೂ ಅಲ್ಲ. ಸೀಮೆಣ್ಣಿ ಇಲ್ಲದ ಅವ ಎಲ್ಲಿಂದ ಬರ್ತಾನ?”

“ಮೇಣದಾಗ ಸೀಮೆಣ್ಣಿ ಹಾಕಿದ್ರ ಮನೀನ ಸುಡ್ತತ್ರೀ.”

“ಹಂಗಾರ ಬ್ಯಾಡ ತಗಿ. ಅವನ್ನ ಒಬ್ಬನ್ನ ಸುಟ್ಟಿದ್ದು ಸಾಕು.” ನಮ್ಮಲ್ಲಿ ಹೂಳುವುದು ರೂಢಿ. ಆ ವರ್ಷ ರೂಢಿ ಕೇಳಲು ಯಾರೂ ಇರಲಿಲ್ಲ.

ಏಳು ಸಲ ಹೀಗಾಯಿತು. ಎಂಟನೆಯ ಸಲದ ಬೆಳಿಗ್ಗೆ ಶಿವಲೀಲಾ ಎಣ್ಣೆ ತೂಗಿ, ಬಟ್ಟಲಿನ ಮೇಲೆ ತಟ್ಟೆ ಮುಚ್ಚಿ, ಮೇಣದ ಚೀಲದ ಹಿಂದೆ ಇಟ್ಟಿದ್ದಳು. ನಾನು ಒಲೆಯ ಮೇಲೆ ಹದಕ್ಕೆ ಬಂದಿದ್ದೆ. ಬಚ್ಚಲಿನಲ್ಲಿ ಧಪ್ಪೆಂದು ಸದ್ದಾಯಿತು. “ಯವ್ವಾ!” ಮುದುಕಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಶಿವಲೀಲಾ ಓಡಿದಳು, ಟೀಚರನ್ನು ಕೂಗಿದಳು, ಇಬ್ಬರೂ ಸೇರಿ ಮುದುಕಿಯನ್ನು ಎತ್ತಿ ಮಲಗಿಸಿದರು. ಆಟೋ ಬರುವಷ್ಟರಲ್ಲಿ ಅವಳು ಹಿತ್ತಲಿಗೆ ಬಂದು, ಅವಸರದಲ್ಲೇ ನೂರು ಎಣಿಸಿ ಕೈಯಾಡಿಸಿ, ಅಚ್ಚಿಗೆ ಸುರಿದು, ಒಲೆ ಆರಿಸಿ ಹೋದಳು. ಬಟ್ಟಲು ಚೀಲದ ಹಿಂದೆಯೇ ಉಳಿಯಿತು. ಮೂಗಿದ್ದವರಿಗೆ ಆ ಕ್ಷಣವೇ ತಿಳಿಯುತ್ತಿತ್ತು. ನನಗೂ ಮೂಗಿಲ್ಲ. ಆದರೆ ನನ್ನೊಳಗೆ ಏನು ಬಿತ್ತು, ಏನು ಬೀಳಲಿಲ್ಲ ಎಂಬುದು ನನಗೆ ಗೊತ್ತು. ಗೊತ್ತಿದ್ದು ಏನು ಮಾಡಲಿ? ನನಗಿರುವುದು ಸುರಿಯುವ ಮೂತಿ, ಮಾತಾಡುವುದಲ್ಲ.

ಹತ್ತನೆಯ ದಿನ. ಆಸ್ಪತ್ರೆಯಿಂದ ಬಂದ ಬಸಲಿಂಗಮ್ಮನನ್ನು ಗಾಳಿ ಬರಲೆಂದು ಹಿತ್ತಲ ಬಾಗಿಲ ಪಕ್ಕದ ಮಂಚದಲ್ಲಿ ಮಲಗಿಸಿದ್ದರು. ಅವಳು ಇನ್ನು ಏಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಶಿವಲೀಲಾ ಬರಿಯ ಮೇಣದ ಆ ತುಂಡನ್ನೂ ಅಂಗಿಯನ್ನೂ ಕೊಟ್ಟಳು. ಮುದುಕಿ ಸೊಸೆಯ ಮುಖ ನೋಡಿದಳು. ತುಂಡನ್ನು ಮೂಗಿಗೆ ಒತ್ತಿಕೊಂಡಳು.

“ಇದ ನೋಡವ್ವ” ಎಂದಳು. ಕಣ್ಣಲ್ಲಿ ನೀರು. “ಇದ ನನ್ನ ಮಗ.”

“ಖರೇನ ಅತ್ತಿ?”

“ಖರೇ. ಪ್ರೆಸ್ಸಿನಿಂದ ಈಗ ಬಂದು ನಿಂತಂಗ ಐತಿ.”

ಶಿವಲೀಲಾ ಅತ್ತೆಯ ಎದೆಯ ಮೇಲೆ ತಲೆಯಿಟ್ಟು ಅತ್ತಳು. ನಾನು ಆ ಮನೆಯಲ್ಲಿ ಕಂಡ ಕೊನೆಯ ಸಂತೋಷ ಅದು. ನಾಲ್ಕು ದಿನ ನಿಂತಿತು.

ಐದನೆಯ ದಿನ, ಅದೇ ಅಳತೆಯಲ್ಲಿ ಇನ್ನಷ್ಟು ಮಾಡಿಡಬೇಕೆಂದು ಶಿವಲೀಲಾ ಮೇಣದ ಚೀಲ ಸರಿಸಿದಳು. ತಟ್ಟೆ ಎತ್ತಿದಳು. ಬಟ್ಟಲು ತುಂಬ ಎಣ್ಣೆ ಹಾಗೆಯೇ ಇತ್ತು. ಅವಳು ನನ್ನನ್ನು ನೋಡಿದಳು, ಬಟ್ಟಲನ್ನು ನೋಡಿದಳು. ಕೈ ಸಡಿಲವಾಗಿ ಬಟ್ಟಲು ಕಲ್ಲಿನ ಮೇಲೆ ಬಿತ್ತು. ಎಣ್ಣೆ ಮಂಚದ ಕಾಲಿನವರೆಗೂ ಹರಿಯಿತು.

ಗೋಡೆಯಾಚೆಯಿಂದ ವಿಶಾಲಾಕ್ಷಿ ಟೀಚರ್ ಕೂಗಿದರು: “ಲೀಲಾ, ಏನ್ ಚೆಲ್ಲೀದವ್ವ? ಲವಂಗಾ, ಕರ್ಪೂರಾ ನಮ್ಮ ಮನೀತನಕ ಹೊಡ್ಯಾಕತ್ತತಿ!”

ಎರಡು ಗೇಣು ದೂರದಲ್ಲಿ ಮಲಗಿದ್ದ ಬಸಲಿಂಗಮ್ಮ ತಲೆಯೆತ್ತಿ, “ಯಾಕ, ಏನಾತು? ಏನ್ ಚೆಲ್ಲಿತು?” ಎಂದಳು. ಕೇಳಿದ ಮೇಲೆ ತನ್ನ ಮೂಗಿನ ಗುಟ್ಟು ಹೊರಬಿದ್ದದ್ದು ಅವಳಿಗೇ ತಿಳಿಯಿತು. ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು.

ಶಿವಲೀಲಾ ಚಿಂದಿ ತಂದು ನೆಲ ಒರೆಸಿದಳು. ಆಮೇಲೆ ಅಂಗಿ ಇದ್ದ ಚೀಲವನ್ನು ಗೋಡೆಯ ಮೇಲಿಂದ ಟೀಚರಿಗೆ ಕೊಟ್ಟು, “ಇದನ್ನ ಮೂಸಿ ಹೇಳ್ರಿ, ಏನ್ ಬರ್ತತಿ?” ಎಂದಳು. ಟೀಚರಿಗೆ ಅರ್ಥವಾಗದಿದ್ದರೂ ಮೂಸಿದರು.

“ಏನಿಲ್ಲವ್ವ. ಪ್ಲಾಸ್ಟಿಕ್ ವಾಸನಿ ಅಷ್ಟ.”

ಅತ್ತೆ ಸೊಸೆ ಆ ವಿಷಯ ಮತ್ತೆ ಎತ್ತಲಿಲ್ಲ. ಒಂದು ದಿನ ಮಾತ್ರ ಮುದುಕಿ ಗೋಡೆಗೆ ಹೇಳುವಂತೆ ಹೇಳಿದಳು: “ನೀ ಕೆಲಸ ಬಿಟ್ಟು ಕುಂತಿದ್ರ ಸತ್ತ ಹೋಗ್ತಿದ್ದಿ ನೋಡವ್ವ.” ಒಳಗೆ ಗಂಜಿ ಕಲಸುತ್ತಿದ್ದ ಶಿವಲೀಲಾ, “ಉಪ್ಪು ಹಾಕ್ಲ್ಯಾ ಅತ್ತಿ?” ಎಂದಳು.

ಮಳೆಗಾಲ ಹಿಡಿಯುವ ಮೊದಲು ಬಸಲಿಂಗಮ್ಮ ಹೋದಳು. ಹಿತ್ತಲಿನಲ್ಲಿಯೇ ಮೈ ತೊಳೆದು, ವಿಭೂತಿ ಹಚ್ಚಿ ಕೂರಿಸಿದರು. ಶಿವಲೀಲಾ ಆ ಬಿಳಿ ತುಂಡನ್ನು ಅತ್ತೆಯ ಅಂಗೈಯಲ್ಲಿ ಇಟ್ಟು ಬೆರಳು ಮಡಚಿದಳು. ಟೀಚರ್ ಬಗ್ಗಿ ನೋಡಿ ಮೆಲ್ಲಗೆ, “ಲೀಲಾ, ಇದಕ್ಕ ವಾಸನೀನ ಇಲ್ಲಲ್ಲವ್ವ” ಎಂದರು.

“ಐತ್ರೀ ಟೀಚರ್. ನಿಮಗ ತಿಳಿಯಂಗಿಲ್ಲ.”

ಮೇಣದ ಕೆಲಸ ಅಲ್ಲಿಗೆ ಮುಗಿಯಿತು. ಶಿವಲೀಲಾ ಈಗ ಪ್ರೆಸ್ಸಿನಲ್ಲಿ ಪುಸ್ತಕದ ಹಾಳೆ ಮಡಚುವ ಕೆಲಸಕ್ಕೆ ಹೋಗುತ್ತಾಳೆ. ಅತ್ತೆಯ ಮಾತು ಮೀರಿ ನನ್ನನ್ನು ಅಡುಗೆಮನೆಗೆ ಒಯ್ಯಲಿಲ್ಲ. ಬಚ್ಚಲಿನಲ್ಲಿ ನೀರು ಮೊಗೆಯಲು ಇಟ್ಟಿದ್ದಾಳೆ. ನನ್ನೊಳಗೆ ತಳದಲ್ಲಿ ಆ ಎಂಟನೆಯ ಸಲದ ಮೇಣ ತೆಳ್ಳಗೆ ಹತ್ತಿಕೊಂಡಿದೆ. ನೀರು ಅದರ ಮೇಲೆ ನಿಲ್ಲದೆ ಮಣಿಮಣಿಯಾಗಿ ಜಾರುತ್ತದೆ. ತಿಕ್ಕಿ ತೆಗೆಯಬಹುದಿತ್ತು, ಅವಳು ತೆಗೆದಿಲ್ಲ.

ಪ್ರೆಸ್ಸಿನಿಂದ ಬಂದ ಕೂಡಲೇ ಅವಳು ಕೈಕಾಲು ತೊಳೆಯಲು ನನ್ನನ್ನು ಎತ್ತುತ್ತಾಳೆ. ಅವಳ ಬೆರಳಿನ ಇಂಕು ನನ್ನ ಹಿಡಿಕೆಗೆ ಹತ್ತುತ್ತದೆ. ಹಿಂದೆ ಹತ್ತುತ್ತಿದ್ದುದೂ ಇದೇ ಇಂಕು, ಇದೇ ಜಾಗಕ್ಕೆ. ಅದು ಅವಳಿಗೆ ಗೊತ್ತಾಗುವುದಿಲ್ಲ. ತೊಳೆಯುವ ಮೊದಲು ನನ್ನ ಬಾಯಿಗೆ ಮೂಗು ಹಿಡಿದು ಒಂದು ಉಸಿರು ಎಳೆಯುತ್ತಾಳೆ. ಕಾಯುತ್ತಾಳೆ. ಆಮೇಲೆ ನೀರು ಮೊಗೆಯುತ್ತಾಳೆ.

ಅವಳ ಮೂಗು ತಿರುಗಿ ಬರಲಿ ಎಂದು ಹಾರೈಸಬೇಕಾದದ್ದು ನಾನು. ಅವಳ ಗಂಡನ ಹೆಸರು ಹೊತ್ತುಕೊಂಡಿರುವ ಪಾತ್ರೆ. ಆದರೆ ಬಂದ ದಿನ ಅವಳು ಮೊದಲು ಮೂಸುವುದು ನನ್ನನ್ನೇ. ನನ್ನೊಳಗೆ ಅವನ ವಾಸನೆ ಇಲ್ಲ ಎಂಬುದು ನನಗೆ ಗೊತ್ತು. ಅದಕ್ಕೇ ಅವಳು ಬಗ್ಗಿದಾಗೆಲ್ಲ, ಇವತ್ತು ಬೇಡ, ಇವತ್ತೊಂದು ದಿನ ಬರದಿರಲಿ ಎಂದುಕೊಳ್ಳುತ್ತೇನೆ.